ಮರ ಹತ್ತುವ ಸ್ಕೂಟರು, ನೀರು ಹುಡುಕುವ ಸುರಂಗ

ಅಲ್ಲ ಅಣ್ಣ, ನಿಮ್ಮ ಸಣ್ಣವನಿಗೆ ಅಷ್ಟು ಬೈಯಬೇಡಿ. ರಜೆಯಲ್ಲಿ ಮನೆಗೆ ಬಂದವ ಇಡೀ ದಿನ ಮೊಬೈಲು ಹಿಡಿದು, ಯಾರೋ ಎಂತದೋ ಯಂತ್ರ ಮಾಡುವುದನ್ನೇ ನೋಡ್ತಾ ಕೂತಿದ್ದಾನೆ ಅಂತ ನೀವು ಹೇಳುವುದು ಬೇಲಿಯ ಈ ಬದಿಗೂ ಕೇಳಿಸ್ತದೆ. ನಿನ್ನೆ ಇಲ್ಲೇ ಸಿಕ್ಕಿದ್ದ. ಎಂತ ನೋಡ್ತೀಯ ಮಾರಾಯ ಅಂತ ಕೇಳಿದೆ. ತೋರಿಸಿದ. ನನಗೂ ಬಿಟ್ಟು ಏಳಲಿಕ್ಕೆ ಮನಸ್ಸಾಗಲಿಲ್ಲ.

ಇಂಗ್ಲೆಂಡಿನ ಕಾಲಿನ್ ಫರ್ಜ್ ಅಂತ ಒಬ್ಬರು. ಮೊದಲು ಪ್ಲಂಬಿಂಗ್ ಕೆಲಸ ಮಾಡ್ತಾ ಇದ್ದವರು. ಸೈಕಲಿಗೆ ಜೆಟ್ ಇಂಜಿನ್ ಕಟ್ಟಿದ್ದಾರೆ. ಅದಕ್ಕಿಂತ ದೊಡ್ಡದು ಎಂತ ಗೊತ್ತುಂಟಾ, ಮನೆಯಿಂದ ಹಿತ್ತಲಿನ ಶೆಡ್ಡಿಗೆ ಹೋಗಲಿಕ್ಕೆ ನೆಲದಡಿಯಲ್ಲಿ ಸುರಂಗ ತೋಡಿದ್ದಾರೆ. ವರ್ಷಗಟ್ಟಲೆ ತೋಡಿದ್ದು. ಮಣ್ಣು ಹೇಗೆ ಹೊರಗೆ ಹಾಕಿದರು, ಕುಸಿಯದ ಹಾಗೆ ಉಕ್ಕಿನ ತಗಡು ಹೇಗೆ ಬೆಸೆದರು, ಹಿಂದಿನಿಂದ ಕಾಂಕ್ರೀಟು ಹೇಗೆ ತುಂಬಿಸಿದರು, ಎಲ್ಲ ಬಿಡಿಸಿ ತೋರಿಸ್ತಾರೆ. ಸಣ್ಣವನ ಕಣ್ಣು ನೋಡಬೇಕಿತ್ತು ನೀವು. ಆ ಕಣ್ಣು ಪರೀಕ್ಷೆಯ ಪುಸ್ತಕ ಹಿಡಿದಾಗ ನಾನು ಕಂಡದ್ದಿಲ್ಲ.

ನಾನು ಅವನಿಗೆ ಒಂದೇ ಮಾತು ಹೇಳಿದೆ. ಇದನ್ನು ನೋಡು, ಖಂಡಿತ ನೋಡು. ಆದರೆ ಒಮ್ಮೆ ಅಡ್ಯನಡ್ಕದ ಕಡೆಗೂ ಹೋಗಿ ಬಾ.

ನಿಮಗೆ ಗೊತ್ತುಂಟಲ್ಲ, ನಮ್ಮ ಬಂಟ್ವಾಳ ತಾಲೂಕಿನದೇ ಅಲ್ಲಿಯ ಕೇಪು ಗ್ರಾಮ, ಅಮೈ ಮಹಾಲಿಂಗ ನಾಯ್ಕರು. ಅಡಿಕೆ, ತೆಂಗು ಕೊಯ್ಯುವ ಕೂಲಿ ಕೆಲಸ ಮಾಡ್ತಿದ್ದವರು. 1978ರ ಹೊತ್ತಿಗೆ ಸಿಕ್ಕಿದ್ದು 2 ಎಕ್ರೆ ಬೋಳು ಗುಡ್ಡ, ನೀರಿಲ್ಲ. ಹಗಲು ಮರ ಹತ್ತಿ ಬಂದು, ಮತ್ತೆ ಗುಡ್ಡದ ಹೊಟ್ಟೆಗೆ ಪಿಕ್ಕಾಸು ಹಾಕಿದರು. ಒಬ್ಬರೇ. ತೋಡಿದ ಸುರಂಗಗಳು ಒಂದರ ಹಿಂದೆ ಒಂದು ಒಣಗಿಯೇ ಹೋದವು. ಊರವರು ತಲೆ ಸರಿ ಇಲ್ಲ ಅಂತ ಹೇಳಿದರಂತೆ. ಬಿಡಲಿಲ್ಲ. ಕೊನೆಗೆ ನೀರು ಬಂತು, ಗುಡ್ಡದಲ್ಲಿ ತೋಟ ಎದ್ದಿತು. 2022ರಲ್ಲಿ ಪದ್ಮಶ್ರೀ ಕೊಟ್ಟರು.

ಎರಡು ಸುರಂಗವನ್ನೂ ಹತ್ತಿರ ಹತ್ತಿರ ಇಟ್ಟು ನೋಡಿ ಅಣ್ಣ. ಅಲ್ಲಿಯವರಿಗೆ ಸುರಂಗದೊಳಗೆ ನೀರು ಬರಬಾರದು, ಅದಕ್ಕೆ ಉಕ್ಕು, ಕಾಂಕ್ರೀಟು. ಇಲ್ಲಿಯವರಿಗೆ ನೀರು ಬರಬೇಕು, ಅದೊಂದೇ ಗುರಿ. ನಮ್ಮ ಮುರ ಮಣ್ಣಿನ ಗುಣ ಎಂತದ್ದೆಂದರೆ, ತೋಡಿದ ಗೋಡೆ ಆಧಾರವಿಲ್ಲದೆ ನಿಲ್ಲುತ್ತದೆ, ಆದರೂ ಸಣ್ಣ ಸಣ್ಣ ತೂತುಗಳಲ್ಲಿ ನೀರು ಒಸರುತ್ತದೆ. ಒಳಗೆ ಹೋದ ಹಾಗೆ ನೆಲ ಸ್ವಲ್ಪ ಸ್ವಲ್ಪ ಏರಬೇಕು, ಆಗ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ದೀಪ ಮಂಕಾದರೆ ಗಾಳಿ ಕಡಿಮೆಯಾಗಿದೆ ಅಂತ ಲೆಕ್ಕ, ತಿರುಗಿ ಬರಬೇಕು, ಇಲ್ಲವೇ ಮೇಲಿನಿಂದ ಗಾಳಿಗೊಂದು ಕಂಡಿ ಬಿಡಬೇಕು. ಕಾಸರಗೋಡಿನಿಂದ ನಮ್ಮ ವಿಟ್ಲ ಸೀಮೆಯವರೆಗೆ ಇಂಥ ಸುರಂಗ ಎಷ್ಟೋ ಮನೆಯ ಹಿಂದೆ ಉಂಟು. ಇದು ಇಂಜಿನಿಯರಿಂಗ್ ಅಲ್ಲದೆ ಮತ್ತೆಂತ? ಕಾಲೇಜಿನಲ್ಲಿ ಇದಕ್ಕೊಂದು ಪಾಠ ಇರಬೇಕಿತ್ತು ಅಂತ ನನಗೆ ಬಲವಾಗಿ ಅನಿಸ್ತದೆ.

ಸರಿ, ಮೋಜಿನದ್ದೇ ಬೇಕಾದರೆ ಮೋಜಿನದ್ದೂ ಉಂಟು. 2019ರ ಜೂನ್ ನೆನಪುಂಟಾ? ನಮ್ಮ ಸಜೀಪಮೂಡದ ಗಣಪತಿ ಭಟ್ಟರ ಮರ ಹತ್ತುವ ಸ್ಕೂಟರು. ಅವರ ಮಗಳು ಸೀಟಿನಲ್ಲಿ ಕೂತು, ಹ್ಯಾಂಡಲ್ ಹಿಡಿದು, ಅಡಿಕೆ ಮರದಲ್ಲಿ ಸುರ್‍ರ್ ಅಂತ ಮೇಲೆ ಹೋದದ್ದನ್ನು ದೇಶವೇ ನೋಡಿತು. ಆನಂದ್ ಮಹೀಂದ್ರ ಕೂಡ ಟ್ವಿಟರಿನಲ್ಲಿ ಹಾಕಿ ಮೆಚ್ಚಿಕೊಂಡರು. ಆಗ ನಮ್ಮ ಪೇಟೆಯಲ್ಲಿ ಎಲ್ಲರ ಫೋನಿನಲ್ಲೂ ಅದೇ ಇತ್ತು.

ಆ ವಿಡಿಯೊದಲ್ಲಿ ಕಾಣುವುದು ಅರ್ಧ ನಿಮಿಷದ ಕೆಲಸ. ಭಟ್ಟರು ಸುರು ಮಾಡಿದ್ದು 2014ರಲ್ಲಿ. ವಿನ್ಯಾಸ ತಿಳಿದ ಒಬ್ಬ ಇಂಜಿನಿಯರರನ್ನು ಜೊತೆಗಿಟ್ಟುಕೊಂಡು ನಾಲ್ಕು ವರ್ಷ ಹೆಣಗಿದ ಮೇಲೆ 2018ರಲ್ಲಿ ಮೊದಲನೆಯ ಯಂತ್ರ ಕೈಗೆ ಬಂದದ್ದು. ಖರ್ಚು 40 ಲಕ್ಷದ ಹತ್ತಿರ ಹೋಯ್ತು ಅಂತ ಪೇಪರಿನಲ್ಲಿ ಬಂದಿತ್ತು. ಅವರಿಗೂ ಪ್ರಾಯ ಆಯ್ತು, ಗಂಟುನೋವು, ಮರ ಹತ್ತುವ ಜನ ಸಿಗುವುದಿಲ್ಲ, ಅಡಿಕೆ ಮರದಲ್ಲೇ ಹಣ್ಣಾಗಿ ಉದುರುತ್ತದೆ. ಆ ಕಷ್ಟ ನಮಗೆಲ್ಲ ಇತ್ತು. ಅವರು ಅದಕ್ಕೆ ಕೈ ಹಾಕಿದರು.

ಯೋಚನೆ ಮಾಡಿ ನೋಡಿ, ಅದು ಸುಲಭದ ಕೆಲಸವಾ? ಅಡಿಕೆ ಮರ ಬುಡದಲ್ಲಿ ಒಂದು ದಪ್ಪ, ತುದಿಯಲ್ಲಿ ಒಂದು ದಪ್ಪ. ಮಳೆಗಾಲದಲ್ಲಿ ಮೇಲೆಲ್ಲ ಪಾಚಿ. ಅರುವತ್ತು ಅಡಿ ಎತ್ತರದಲ್ಲಿ ಮರ ತಾನೇ ತೂಗುತ್ತದೆ. ಮರದ ಒಂದು ಬದಿಗೆ ಮನುಷ್ಯ ಕೂತರೆ ಯಂತ್ರ ಆ ಬದಿಗೆ ವಾಲಲಿಕ್ಕೆ ನೋಡುತ್ತದೆ. ಹಾಗೆ ವಾಲುವುದೇ ಚಕ್ರಗಳನ್ನು ಮರಕ್ಕೆ ಒತ್ತಿ ಹಿಡಿಯುತ್ತದೆ. ಬೀಳಿಸಬೇಕಾದ ಭಾರವೇ ಹಿಡಿತವಾಗುವುದು ನನಗೆ ಭಾರೀ ಚಂದ ಕಾಣ್ತದೆ. ಕಾಲಿಗೆ ತಳೆ ಹಾಕಿ ಹತ್ತುವವರು ಹಿಂದಕ್ಕೆ ಭಾರ ಬಿಟ್ಟು ಪಾದ ಒತ್ತುವುದೂ ಹೆಚ್ಚುಕಡಿಮೆ ಇದೇ ಲೆಕ್ಕ. ಯಂತ್ರದ ತೂಕ 28 ಕೆ.ಜಿ., ಒಂದು ಲೀಟರ್ ಪೆಟ್ರೋಲಿಗೆ ಸುಮಾರು 80 ಮರ. ಆಮೇಲಿನ ವರ್ಷಗಳಲ್ಲಿ 300ಕ್ಕೂ ಹೆಚ್ಚು ಮಾರಾಟ ಆಯ್ತಂತೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ದಿನಗಳಲ್ಲಿ, ಮಳೆ ಒಂದು ಗಳಿಗೆ ಬಿಟ್ಟಾಗ ಓಡಿ ಹೋಗಿ ಮರ ಹತ್ತಬೇಕಾದವರಿಗೆ ಮಾತ್ರ ಇದರ ಬೆಲೆ ಗೊತ್ತು.

ನೀವು ಹೇಳ್ತೀರಿ, ಈಗ ತೋಟದಲ್ಲಿ ಕಾಣುವುದು ಕಾರ್ಬನ್ ಫೈಬರ್ ದೋಟಿ, ಸ್ಕೂಟರಲ್ಲ ಅಂತ. ಒಪ್ಪಿದೆ. ದೋಟಿ ಹಗುರ, ನೆಲದಲ್ಲಿ ನಿಂತೇ ಕೊಯ್ಯಬಹುದು, ಮದ್ದೂ ಬಿಡಬಹುದು. ಅದಕ್ಕೆ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದವರು ಶಿಬಿರ ಮಾಡಿ ಹುಡುಗರಿಗೆ ಕಲಿಸಿದ್ದೂ ಉಂಟು. ವಿಟ್ಲದ ಸಿಪಿಸಿಆರ್‌ಐ ಸಂಶೋಧನಾ ಕೇಂದ್ರದವರು ಮೂರನೆಯ ದಾರಿ ಹಿಡಿದರು, ಮರವನ್ನೇ ಗಿಡ್ಡ ಮಾಡಿದರು. ಹಿರೇಹಳ್ಳಿಯ ಗಿಡ್ಡ ತಳಿಯನ್ನು ಒಳ್ಳೆ ಫಸಲಿನ ತಳಿಗಳ ಜೊತೆ ಸೇರಿಸಿ ಹೊಸ ಮಿಶ್ರತಳಿ ತೆಗೆದರು. ಒಂದೇ ತಾಪತ್ರಯಕ್ಕೆ ಒಬ್ಬರು ಮರ ಹತ್ತುವ ಯಂತ್ರ ಮಾಡಿದರು, ಒಬ್ಬರು ಕೈ ಉದ್ದ ಮಾಡಿದರು, ಒಬ್ಬರು ಮರ ತಗ್ಗಿಸಿದರು. ಯಾವುದು ಗೆದ್ದಿತು ಅಂತ ಕೇಳುವುದಕ್ಕಿಂತ, ಇಷ್ಟು ಸಣ್ಣ ಸೀಮೆಯಲ್ಲಿ ಮೂರೂ ನಡೆಯಿತಲ್ಲ, ಅದು ನನಗೆ ದೊಡ್ಡ ಸಂಗತಿ.

ಈ ಯಂತ್ರದ ಹುಚ್ಚು ಮೊಬೈಲು ಬಂದ ಮೇಲೆ ಹುಟ್ಟಿದ್ದೂ ಅಲ್ಲ. ಪುತ್ತೂರಿನಲ್ಲಿ 1988ರಲ್ಲಿ ‘ಅಡಿಕೆ ಪತ್ರಿಕೆ’ ಸುರುವಾಯ್ತು, ಶ್ರೀ ಪಡ್ರೆಯವರು ಮುಂದೆ ನಿಂತು ನಡೆಸಿದ್ದು. ಕೃಷಿಕರೇ ಬರೆಯಬೇಕು ಅಂತ ಅವರ ಹಠ. ಯಾರೋ ಅಡಿಕೆ ಸುಲಿಯಲಿಕ್ಕೆ ಯಂತ್ರ ಮಾಡಿದರೆ, ಯಾರೋ ಗುಡ್ಡದ ನೀರು ಇಂಗಿಸಿದರೆ, ಫೋಟೊ ಸಮೇತ ಬರುತ್ತಿತ್ತು, ಕೊನೆಗೆ ಫೋನ್ ನಂಬರು. ಓದಿದವರು ಫೋನು ಮಾಡಿ, ಬಸ್ಸು ಹತ್ತಿ ಹೋಗಿ, ಆ ಮನೆಯ ಅಂಗಳದಲ್ಲಿ ನಿಂತು ಯಂತ್ರ ಮುಟ್ಟಿ ನೋಡಿ ಬರುತ್ತಿದ್ದರು. ಬರುವಾಗ ಒಂದು ತಿದ್ದುಪಡಿ ಮನಸ್ಸಿನಲ್ಲಿ ಹುಟ್ಟಿರುತ್ತಿತ್ತು. 2023ರ ಫೆಬ್ರವರಿಯಲ್ಲಿ ಪುತ್ತೂರಿನ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೃಷಿ ಯಂತ್ರ ಮೇಳ ಆದಾಗ ಜನ ಸೇರಿದ್ದು ಆ ಅಭ್ಯಾಸದಿಂದಲೇ.

ಹಾಗಾಗಿ ವಿಡಿಯೊದ ಬಗ್ಗೆ ನನ್ನ ಹಠವೂ ಇದೊಂದೇ. ಯಂತ್ರ ಓಡುವುದನ್ನು ತೋರಿಸಿದರೆ ಸಾಲದು, ಬಿಚ್ಚಿ ತೋರಿಸಬೇಕು. ಎಲ್ಲಿ ಜಾರಿತು, ಯಾವ ಬೆಸುಗೆ ಬಿಟ್ಟಿತು, ಯಾವ ಬೇರಿಂಗ್ ಹಾಕಿದ ಮೇಲೆ ನಿಂತಿತು, ಅದು ಬೇಕು. ಅರ್ಧ ನಿಮಿಷ ಹತ್ತುವುದನ್ನು ನೋಡಿದವರಿಗೆ ಖುಷಿ ಸಿಗುತ್ತದೆ. ಬಿದ್ದದ್ದನ್ನೂ ನೋಡಿದವರಿಗೆ ಕೆಲಸ ಬರುತ್ತದೆ. ಪುಣೆಯ ಅರವಿಂದ ಗುಪ್ತರು ಬೆಂಕಿಪೊಟ್ಟಣ, ಸೈಕಲ್ ಟ್ಯೂಬು, ಹಳೇ ಪೇಪರು ಹಿಡಿದು ಮಕ್ಕಳಿಗೆ ಆಟಿಕೆ ಮಾಡಿ ತೋರಿಸುವುದು ಸಣ್ಣವ ನೋಡಿದ್ದಾನೆ. ಅಲ್ಲಿ ಗುಟ್ಟು ಅಂತ ಒಂದೂ ಇಲ್ಲ, ನೋಡಿದ ಮಗು ಆ ದಿನವೇ ಮಾಡಬಹುದು. ಅಂಥದ್ದು ನಮ್ಮ ಕನ್ನಡದಲ್ಲಿ, ತುಳುವಿನಲ್ಲಿ, ನಮ್ಮ ತೋಟದ ಸಾಮಾನು ಹಿಡಿದು ಬರಬೇಡವಾ?

ಬಿಚ್ಚಿ ತೋರಿಸಿದರೆ ಸಾಲದು, ಅಳೆದೂ ತೋರಿಸಬೇಕು ಅಂತ ಹೇಳಿದೆ ಅವನಿಗೆ. 2020ರಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಲೋಕವೆಲ್ಲ ಹಬ್ಬಿತು. ಎರಡು ವಾರ ಕಳೆದು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರಿಗೆ 13.61. ಸೆಕೆಂಡಿನ ನೂರರಲ್ಲಿ ಒಂದು ಪಾಲಿನ ಆ ವ್ಯತ್ಯಾಸ ಕಣ್ಣಿಗೆ ಕಾಣುವುದುಂಟಾ? ಓಟ ಮುಗಿಯುವ ಮಂಜೊಟ್ಟಿಯಲ್ಲಿ ಲೇಸರ್ ಕಿರಣ ಹಾಕಿ ಸಮಯ ಹಿಡಿಯುವ ಏರ್ಪಾಡು ಇಲ್ಲದಿದ್ದರೆ ಅದು ಬರೇ ಮಾತಾಗಿ ಹೋಗುತ್ತಿತ್ತು. ಮತ್ತೆ ಕಂಬಳದ ಕನೆಹಲಗೆ ವಿಭಾಗ ನೋಡಿ. ಕೋಣ ಎಳೆಯುವ ಹಲಗೆಯ ತೂತುಗಳಿಂದ ನೀರು ಚಿಮ್ಮಿ ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ನಿಶಾನೆಗೆ ತಾಗಬೇಕು. ಸೆಕೆಂಡಿಗೆ 10 ಮೀಟರ್ ವೇಗದ ನೀರು ಎಂತದೂ ನಷ್ಟವಾಗದೆ ಮೇಲೆ ತಿರುಗಿದರೆ ಸುಮಾರು 5 ಮೀಟರ್ ಎತ್ತರ ಮುಟ್ಟುತ್ತದೆ, ಅಷ್ಟೇ. ಅದಕ್ಕೆ ಹತ್ತಿರ ಹತ್ತಿರ ಬರಬೇಕಾದರೆ ತೂತು ಎಷ್ಟು ಓರೆ ಇರಬೇಕು, ಎಷ್ಟು ಅಗಲ ಇರಬೇಕು, ಹಲಗೆ ಕೆತ್ತುವವರು ಯಾವ ಪುಸ್ತಕ ನೋಡಿ ಮಾಡಿದ್ದು? ಕಡಲಕೆರೆಯ ಕೋಟಿ-ಚೆನ್ನಯ ಕಂಬಳಕ್ಕೆ ಹೋದಾಗ ನಾನು ಕೋಣಕ್ಕಿಂತ ಹೆಚ್ಚು ಆ ಹಲಗೆಯನ್ನೇ ನೋಡುವುದು. ಒಬ್ಬ ಹುಡುಗ ಅದನ್ನು ನಿಧಾನಗತಿಯಲ್ಲಿ ವಿಡಿಯೊ ಹಿಡಿದು ಲೆಕ್ಕ ಹಾಕಿ ತೋರಿಸಿದರೆ ನಾನು ಮೊದಲು ನೋಡ್ತೇನೆ.

ಈಗ ಅವನ ಪ್ರಾಜೆಕ್ಟಿನ ಮಾತು. ಇಂಜಿನಿಯರಿಂಗಿನ ಕೊನೆಯ ವರ್ಷ ಅಲ್ಲವಾ, ಎಂತಾದರೂ ಮಾಡಲೇಬೇಕು. ಮೂಡುಬಿದಿರೆಯ ಸುತ್ತಮುತ್ತಲೇ ಮಿಜಾರಿನಲ್ಲಿ ಆಳ್ವಾಸ್, ಬಡಗಮಿಜಾರಿನಲ್ಲಿ ಮೈಟ್, ತೋಡಾರಿನಲ್ಲಿ ಯೇನೆಪೋಯ, ಆಚೆ ಬೆಳ್ತಂಗಡಿಯ ಉಜಿರೆಯಲ್ಲಿ ಎಸ್‌ಡಿಎಂ. ಇಷ್ಟು ಇಂಜಿನಿಯರಿಂಗ್ ಕಾಲೇಜು ಇದ್ದು, ಪೇಟೆಯಿಂದ ತಂದ ಬೋರ್ಡಿಗೆ ವಯರು ಚುಚ್ಚಿ ಲೈಟು ಮಿನುಗಿಸಿ ಮುಗಿಸುವ ಪ್ರಾಜೆಕ್ಟು ಯಾಕೆ? ಬೆಂಗಳೂರಿನ ರಾಜ್ಯ ವಿಜ್ಞಾನ ತಂತ್ರಜ್ಞಾನ ಮಂಡಳಿ, ಕೆಎಸ್‌ಸಿಎಸ್‌ಟಿಯವರು, ಒಳ್ಳೆಯ ಪ್ರಾಜೆಕ್ಟಿಗೆ ಹಣವನ್ನೂ ಕೊಡ್ತಾರೆ. ತಾಪತ್ರಯ ಹುಡುಕಲಿಕ್ಕೆ ದೂರ ಹೋಗುವುದು ಬೇಡ, ನಮ್ಮ ತೋಟದಲ್ಲೇ ಬೇಕಾದಷ್ಟು ಉಂಟು.

ನಾನು ಹೇಳಿದ್ದು ತೋಡಿನ ಕರೆಂಟು. ಬೆಳ್ತಂಗಡಿಯಲ್ಲಿ ಘಟ್ಟದ ಬುಡದ ಕೆಲವು ಮನೆಗಳಲ್ಲಿ ಮಳೆಗಾಲ ಲೈನು ಹೋದರೂ ಬಲ್ಬು ಉರಿಯುವುದು ನೀವು ನೋಡಿದ್ದೀರಲ್ಲ. ಮೇಲಿನಿಂದ ಪೈಪು ಹಾಕಿ, ಕೆಳಗೆ ಸಣ್ಣ ಟರ್ಬೈನು. ಲೆಕ್ಕ ಬಹಳ ಸುಲಭ. ಸೆಕೆಂಡಿಗೆ 1 ಲೀಟರ್ ನೀರು 1 ಮೀಟರ್ ಕೆಳಗೆ ಬಿದ್ದರೆ ಸುಮಾರು 10 ವಾಟ್. 5 ಲೀಟರ್ ನೀರು 40 ಮೀಟರ್ ಬಿದ್ದರೆ 2000 ವಾಟ್. ಪೈಪಿನಲ್ಲಿ, ಟರ್ಬೈನಿನಲ್ಲಿ, ಡೈನಮೋದಲ್ಲಿ ನಷ್ಟವಾಗಿ ಅರ್ಧವೇ ಸಿಕ್ಕಿದರೂ 1 ಕಿಲೋವಾಟ್, ಒಂದು ಮನೆಗೆ ಧಾರಾಳ. ಕರೆಂಟು ಹೋಗುವ ತಿಂಗಳಲ್ಲೇ ತೋಡು ತುಂಬಿರುತ್ತದೆ, ಅದು ಇದರ ದೊಡ್ಡ ಗುಣ. ಕಷ್ಟ ಇರುವುದು ಬೇರೆ ಕಡೆ. ತರಗೆಲೆ, ಕಡ್ಡಿ, ಮರಳು ಬಂದು ಪೈಪಿನ ಬಾಯಿ ಕಟ್ಟುತ್ತದೆ, ರಾತ್ರಿ ಮಳೆಯಲ್ಲಿ ಟಾರ್ಚು ಹಿಡಿದು ಗುಡ್ಡ ಹತ್ತಿ ಬಿಡಿಸಬೇಕು. 2019ರ ಆಗಸ್ಟಿನ ನೆರೆಯ ಹಾಗೆ ಬಂದರೆ ಪೈಪೇ ಉಳಿಯುವುದಿಲ್ಲ. ತಾನಾಗಿ ಕಸ ಜಾರಿಸುವ ಒಂದು ಒಳ್ಳೆಯ ಜಾಲರಿ ಮಾಡಿಕೊಡಲಿ ಅವ. ನೋಡಲಿಕ್ಕೆ ರಾಕೆಟ್ಟಿನ ಹಾಗೆ ಇರುವುದಿಲ್ಲ. ಆದರೆ ಒಂದು ಮನೆಯವರು ರಾತ್ರಿ ನಿದ್ದೆ ಮಾಡ್ತಾರೆ.

ನಿಮ್ಮ ಹೆದರಿಕೆ ನನಗೂ ಉಂಟು, ಅದನ್ನು ತಳ್ಳಿ ಹಾಕುವುದಿಲ್ಲ. ಕರೆಂಟು, ಪೆಟ್ರೋಲು, ಗ್ರೈಂಡರು, ವೆಲ್ಡಿಂಗು, ಯಾವುದೂ ಮಕ್ಕಳಾಟವಲ್ಲ. ಒಬ್ಬನೇ ಇರುವಾಗ ಮಾಡುವುದು ಬೇಡ, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು ಇಲ್ಲದೆ ಬೇಡ ಅಂತ ಖಡಕ್ಕಾಗಿ ಹೇಳಿ, ನಾನೂ ಹೇಳ್ತೇನೆ. ಆದರೆ ಮಾಡಲೇಬೇಡ ಅಂತ ಹೇಳಬೇಡಿ ಅಣ್ಣ. ಅವ ಮೊಬೈಲು ಕೆಳಗಿಡಬೇಕಾದರೆ ಕೈಗೆ ಬೇರೆ ಎಂತಾದರೂ ಕೊಡಬೇಕಲ್ಲ.

ನಮ್ಮ ಕೊಟ್ಟಿಗೆಯಲ್ಲಿ ಹಳೇ ಸ್ಪ್ರೇಯರಿನ ಇಂಜಿನು ಬಿದ್ದುಕೊಂಡಿದೆ, ಎರಡು ಮಳೆಗಾಲದಿಂದ ಸ್ಟಾರ್ಟು ಆಗುವುದಿಲ್ಲ. ಆದಿತ್ಯವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಕಳಿಸಿ ಅವನನ್ನು, ಮೊದಲು ಅದನ್ನು ಬಿಚ್ಚುವ. ಕಾರ್ಬೊರೇಟರು ಕಟ್ಟಿರಬೇಕು, ಇಲ್ಲದಿದ್ದರೆ ಪ್ಲಗ್ಗು. ನಿಮ್ಮಲ್ಲಿ ಹತ್ತು-ಹನ್ನೊಂದರ ಸ್ಪ್ಯಾನರು ಇದ್ದರೆ ತರಲಿಕ್ಕೆ ಹೇಳಿ. ಬಿಚ್ಚುವಾಗ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಲಿ, ತಿರುಗಿ ಜೋಡಿಸುವಾಗ ಯಾವ ನಟ್ಟು ಎಲ್ಲಿಯದು ಅಂತ ಬೇಕಾಗ್ತದೆ.