ಏ ಹಲೋ!

ನಮ್ಮ ಸೋದರಮಾವನಿಗೆ ಶಿವಮೊಗ್ಗದಲ್ಲೊಂದು ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಚುನಾವಣೆ ಬಂದರೆ ಕರಪತ್ರ. ಅಲ್ಲಿ ಮೂಲೆಯ ಮೇಜಿನ ಕೆಳಗೆ ಕೂತಿರುವ ಹಳೇ ಡಬ್ಬವೇ ಮೇಲ್ ಸರ್ವರ್. ಸ್ವಂತದ್ದಿದ್ದರೆ ತಿಂಗಳ ಬಾಡಿಗೆ ಉಳಿಯುತ್ತೆ ಅಂತ ಯಾರೋ ಹುಡುಗ ಕೂರಿಸಿಹೋದದ್ದು. ಆ ಹುಡುಗ ಮದುವೆಯಾಗಿ, ಮಕ್ಕಳಾಗಿ, ಈಗ ಯಾವುದೋ ದೇಶದಲ್ಲಿದ್ದಾನೆ. ಸರ್ವರ್ ಮಾತ್ರ ಕದಲಿಲ್ಲ. ವರ್ಷ ತಪ್ಪದೆ ಆಯುಧಪೂಜೆಗೆ ಅದಕ್ಕೆ ಕುಂಕುಮ, ಚೆಂಡುಹೂವು, ಫ್ಯಾನಿನ ಪಕ್ಕ ನಿಂಬೆಹಣ್ಣು. ಅಪ್‌ಡೇಟು ಒಂದೇ ಒಂದು ಸಲವೂ ಇಲ್ಲ.

ಇಷ್ಟು ವರ್ಷ ಮಾವ ಮೇಲ್ ನೋಡುತ್ತಿದ್ದದ್ದು ಎಕ್ಸ್‌ಪಿ ಕಂಪ್ಯೂಟರಿನ ಔಟ್‌ಲುಕ್ ಎಕ್ಸ್‌ಪ್ರೆಸ್ಸಿನಲ್ಲಿ. ಎರಡೂ ಒಂದೇ ಕಾಲದವು, ಒಬ್ಬರ ಕಿವುಡು ಇನ್ನೊಬ್ಬರಿಗೆ ಒಗ್ಗಿತ್ತು. ಆಷಾಢದಲ್ಲಿ ಆ ಕಂಪ್ಯೂಟರ್ ಪ್ರಾಣ ಬಿಟ್ಟಿತು. ಹೊಸ ಲ್ಯಾಪ್‌ಟಾಪ್ ಬಂತು, ಅದರಲ್ಲಿ ಥಂಡರ್‌ಬರ್ಡ್ ಬಂತು, ಮೇಲ್ ಬರಲಿಲ್ಲ.

"ಅಳಿಯಾ, ನೀನು ಕಂಪ್ಯೂಟರ್ ಓದಿದೋನಲ್ವಾ?" ಅಂತ ಫೋನು. ಹೀಗೆ ಕೇಳುವವರ ಮನೆಯಲ್ಲಿ ಏನೋ ಒಂದು ಕೆಟ್ಟಿರುತ್ತದೆ. "ಶ್ರಾವಣದ ಲಗ್ನಪತ್ರಿಕೆಗಳೆಲ್ಲ ಅದರೊಳಗೇ ಸಿಕ್ಕೊಂಡಿವೆ ಕಣೋ."

ಹೋದೆ. ಚಕ್ರ ತಿರುಗುತ್ತೆ, ತಿರುಗುತ್ತೆ, ನಿಲ್ಲುತ್ತೆ. ಒಂದು ಬೈಗುಳವೂ ಇಲ್ಲ. ಬೈದರಾದರೂ ಏನು ತಪ್ಪು ಅಂತ ತಿಳಿಯುತ್ತಿತ್ತು. ನಾನು ಬರುವ ಮೊದಲೇ ಪ್ರೆಸ್ಸಿನವರೆಲ್ಲ ತಮ್ಮ ತಮ್ಮ ಮನೆಮದ್ದು ಮಾಡಿ ಮುಗಿಸಿದ್ದರು. ಪಾಸ್‌ವರ್ಡನ್ನು ಎಂಟು ಸಲ ಟೈಪ್ ಮಾಡಿದ್ದರು, ಕೊನೆಯ ಎರಡು ಸಲ ಗಟ್ಟಿಯಾಗಿ ಒತ್ತಿ. ಆಂಟಿವೈರಸ್ ತೆಗೆದಿದ್ದರು. 993ನೇ ಪೋರ್ಟಿಗೆ ಬದಲು 143, 143ಕ್ಕೆ ಬದಲು 995 ಅಂತ, ಲಾಡ್ಜಿನಲ್ಲಿ ರೂಮು ಮರೆತವರ ಹಾಗೆ ಒಂದೊಂದೇ ಬಾಗಿಲು ತಟ್ಟಿದ್ದರು. "ನಿನ್ನೆವರೆಗೂ ಸರಿ ಇತ್ತು" ಅನ್ನುವುದು ಎಲ್ಲರ ಸಾಕ್ಷಿ.

ಮೇಲ್ ಯಂತ್ರಗಳ ಜಗತ್ತಿನಲ್ಲಿ ಒಂದು ಕಾಲಕ್ಕೆ ಎಂಥ ಮರ್ಯಾದೆ ಇತ್ತು ಗೊತ್ತೇ? 1982ರಲ್ಲಿ ಜಾನ್ ಪೋಸ್ಟೆಲ್ ಎಂಬಾತ ಎಸ್‌ಎಂಟಿಪಿ ನಿಯಮ ಬರೆದಾಗ, ಅಪ್ಪಣೆಯೊಂದಕ್ಕೆ ನಾಲ್ಕೇ ಅಕ್ಷರ. ಹಾಗಾಗಿ ಹಲೋ ಅನ್ನುವುದಕ್ಕೂ ಒಂದು 'ಎಲ್' ಖೋತಾ: ಎಚ್, ಇ, ಎಲ್, ಓ. 1993ರಲ್ಲಿ ಹೊಸ ವಿದ್ಯೆಗಳು ಸೇರಿದಾಗ ಮೊದಲೆರಡು ಅಕ್ಷರ ಅದಲುಬದಲಾಗಿ ಇ, ಎಚ್, ಎಲ್, ಓ ಆಯಿತು. ಓದಿ ನೋಡಿ: ಏ ಹಲೋ! ಹಿರಿಯರನ್ನು ಹೀಗೆ ಕರೆದರೆ ನಮ್ಮ ಕಡೆ ಕಪಾಳಕ್ಕೆ ಬೀಳುತ್ತದೆ. ಹಳೇ ಸರ್ವರುಗಳೂ "500, ಈ ಮಾತು ನಮಗೆ ತಿಳಿಯದು" ಅಂತ ಮುಖ ತಿರುಗಿಸುತ್ತಿದ್ದವು. ಆಗ ಹೊಸದು ನಾಲಿಗೆ ಕಚ್ಚಿಕೊಂಡು, ಹಳೇ ಕ್ರಮದಲ್ಲೇ ಇನ್ನೊಮ್ಮೆ ನಮಸ್ಕಾರ ಹೇಳಿ ಕೆಲಸ ಮುಂದುವರಿಸುತ್ತಿತ್ತು. ಚಿಕ್ಕವರು ಬಗ್ಗುವುದು ಅಂದರೆ ಇದು.

ಈ ಬಗ್ಗುವ ಗುಣವೇ ಕಳ್ಳರಿಗೆ ಅನುಕೂಲವಾಯಿತು. ಗುಟ್ಟಿನ ಭಾಷೆಯ ವಿಷಯದಲ್ಲೂ ಯಂತ್ರಗಳು ಹೀಗೇ ಇಳಿದು ಮಾತಾಡುತ್ತಿದ್ದವಲ್ಲ, ನಡುವೆ ಕೂತವನೊಬ್ಬ ಬೇಕೆಂದೇ ಗಲಾಟೆ ಮಾಡಿ ಎರಡನ್ನೂ ಮುರುಕಲು ಭಾಷೆಗೆ ಇಳಿಸಿ, ಕಿವಿಗೊಟ್ಟು ಕೇಳಬಹುದೆಂದು 2014ರಲ್ಲಿ ಬಯಲಾಯಿತು. ಆ ದಾಳಿಗೆ ಇಟ್ಟ ಹೆಸರು ಪೂಡಲ್. ಮನೆ ಮುರಿಯುವುದಕ್ಕೆ ಮುದ್ದು ನಾಯಿಯ ಹೆಸರು!

ಅಲ್ಲಿಂದ ಹೊಸಬರು ಬಿಗಿಯಾದರು. ಟಿಎಲ್‌ಎಸ್ 1.0 ಅನ್ನುವ ಗುಟ್ಟಿನ ಭಾಷೆ ಹುಟ್ಟಿದ್ದು 1999ರಲ್ಲಿ, 1.2 ಬಂದದ್ದು 2008ರಲ್ಲಿ. 2020ರಲ್ಲಿ ಬಂದ 78ನೇ ಆವೃತ್ತಿಯಿಂದ ಥಂಡರ್‌ಬರ್ಡ್, ತಾನಾಗಿ 1.2ಕ್ಕಿಂತ ಕೆಳಗಿಳಿಯುವುದಿಲ್ಲ. ಮಾವನ ಸರ್ವರಿಗೆ ಬರುವುದು 1.0 ಒಂದೇ. ಇದನ್ನು ಪತ್ತೆ ಮಾಡಲು ನನಗೆ ಮೂರು ಲೋಟ ಕಾಫಿ ಹಿಡಿಯಿತು. ಉತ್ತರ ಎರರ್ ಕನ್ಸೋಲಿನಲ್ಲಿ ಬೆಳಗಿನಿಂದಲೇ ಕೂತಿತ್ತು, ಅಲ್ಲಿಗೆ ಯಾರೂ ಹೋಗಿರಲಿಲ್ಲ ಅಷ್ಟೆ.

ಕಾನ್ಫಿಗ್ ಎಡಿಟರಿಗೆ ಹೋಗಿ, ಟಿಎಲ್‌ಎಸ್ ಕನಿಷ್ಠ ಆವೃತ್ತಿಯ ಎದುರಿದ್ದ 3 ಅನ್ನು 1 ಮಾಡಿದೆ. ಈಗ ಸರ್ವರ್ ತನ್ನ ಸರ್ಟಿಫಿಕೇಟ್ ತೋರಿಸಿತು. ಅವಧಿ ಮುಗಿದದ್ದು, ಸಾಲದ್ದಕ್ಕೆ ತಾನೇ ಬರೆದು ತಾನೇ ಸಹಿ ಹಾಕಿಕೊಂಡ ಕ್ಯಾರೆಕ್ಟರ್ ಸರ್ಟಿಫಿಕೇಟು. ಅದಕ್ಕೂ ಹೂಂ ಅಂದೆ. ದಬದಬ ಬಂದು ಬಿದ್ದವು ಮೇಲುಗಳು.

ಮಾವ ಖುಷಿಯಾಗಿ "ಹಾಗೇ ಇರಲಿ ಬಿಡು" ಅಂದರು. ಹಾಗೇ ಬಿಡಬಾರದು ಮಾವ ಅಂದೆ. ಆ 1 ಬರೀ ನಿಮ್ಮ ಸರ್ವರಿಗಲ್ಲ, ಇದೇ ಥಂಡರ್‌ಬರ್ಡಿನಲ್ಲಿ ಬೇರೆ ಯಾವ ಅಕೌಂಟ್ ಹಾಕಿದರೂ ಅದಕ್ಕೂ ಅನ್ವಯ. ಒಬ್ಬ ನೆಂಟನಿಗೋಸ್ಕರ ಊರ ಬಾಗಿಲನ್ನೇ ತೆಗೆದಿಟ್ಟ ಹಾಗೆ. ಮೇಲೆಲ್ಲ ಇಳಿಸಿಕೊಳ್ಳೋಣ, ಈ ಡಬ್ಬಕ್ಕೆ ಪಿಂಚಣಿ ಕೊಡೋಣ, ಇದು ಕಲಿತ ಭಾಷೆ 1999ರದ್ದು.

ಮಾವ ಕನ್ನಡಕ ತೆಗೆದು ಒರೆಸಿಕೊಂಡು, ಆಚೆ ಖಟಖಟ ಅನ್ನುತ್ತಿದ್ದ ಹೈಡೆಲ್‌ಬರ್ಗ್ ಮಷಿನ್ ತೋರಿಸಿದರು. "ಅದು 1974ರದ್ದು. ಇವತ್ತಿನ ಕಾಗದ ಕೊಟ್ಟರೆ, ನೀನು ಯಾವ ವರ್ಷದ್ದು ಅಂತ ಕೇಳಲ್ಲ."

ನಾನು ನಾಲ್ಕನೇ ಕಾಫಿ ಕೇಳಿದೆ.