ಬ್ಯಾಟ್ರಿ ಆರ್ಸ್ರಿ!

ಮೃಗಶಿರಾ ಮಳೆ ಒಂದು ಹದ ಬಿದ್ದರೆ ಸಾಕು, ನಮ್ಮ ಮದ್ದಿಕೇರ ಸೀಮೆಯಲ್ಲಿ ತಲೆ ಬಗ್ಗಿಸಿ ನೆಲ ಹುಡುಕುತ್ತ ಓಡಾಡುವ ಎರಡು ಪಂಗಡಗಳು ಹೊಲಕ್ಕಿಳಿಯುತ್ತವೆ. ಹಗಲಿನದು ದೊಡ್ಡ ದಂಡು. ಮಳೆನೀರು ಮೇಲ್ಮಣ್ಣು ತೊಳೆದುಕೊಂಡು ಹೋದರೆ ವಜ್ರ ಹೊರಗೆ ಬೀಳುತ್ತದೆಂದು ಜೊನ್ನಗಿರಿ, ತುಗ್ಗಲಿ, ಪಗಿಡಿರಾಯಿ, ಪೆರವಲಿ ಹೊಲಗಳಿಗೆ ಆಂಧ್ರ, ತೆಲಂಗಾಣ, ಕರ್ನಾಟಕ ಮೂರೂ ಕಡೆಯವರು ಬುತ್ತಿ ಕಟ್ಟಿಕೊಂಡು, ಮಕ್ಕಳುಮರಿ ಸಮೇತ ಬರುತ್ತಾರೆ. ಗುಡಿಯ ಕಟ್ಟೆಯ ಮೇಲೆ ಮಲಗುತ್ತಾರೆ, ಬೆಳಗಾದರೆ ಹೊಲಕ್ಕೆ. ಒಂದೊಂದು ವರ್ಷ ಒಬ್ಬಿಬ್ಬರ ಹಣೆಬರಹ ತಿರುಗುವುದೂ ಉಂಟು. ರಾತ್ರಿಯ ಪಂಗಡ ಸಣ್ಣದು. ಅವರಿಗೆ ಸಿಕ್ಕಿದ್ದನ್ನು ಮಾರುವ ಹಾಗಿಲ್ಲ, ಮನೆಗೆ ತರುವ ಹಾಗಿಲ್ಲ, ಮುಟ್ಟುವ ಹಾಗೂ ಇಲ್ಲ. ಅವರು ಮಿಣುಕುಹುಳ ನೋಡುವವರು.

ಈ ಜನ ಈಗ ಎಲ್ಲ ಊರಲ್ಲೂ ಇದ್ದಾರೆ. ಮೇ ಕೊನೆಗೆ, ಜೂನ್ ಮೊದಲಿಗೆ ಮಹಾರಾಷ್ಟ್ರದ ಭಂಡಾರದರ, ಪುರುಷವಾಡಿಗಳಿಗೆ ಬಸ್ಸು ಮಾಡಿಕೊಂಡು ಹೋಗುತ್ತಾರೆ. 2022ರಲ್ಲಿ ತಮಿಳುನಾಡಿನ ಆನೈಮಲೈ ಹುಲಿ ಅಭಯಾರಣ್ಯದಲ್ಲಿ ಲೆಕ್ಕವಿಲ್ಲದಷ್ಟು ಹುಳಗಳು ಒಂದೇ ತಾಳಕ್ಕೆ ಹೊತ್ತಿ ಆರಿದ ಸುದ್ದಿ ಬಂದ ಮೇಲಂತೂ ಇವರನ್ನು ಹಿಡಿಯುವವರಿಲ್ಲ. ಮೈತುಂಬ ಜೇಬಿರುವ ತೋಳಿಲ್ಲದ ಅಂಗಿ, ಕೆಂಪು ಕಾಗದ ಸುತ್ತಿದ ಬ್ಯಾಟರಿ, ಫ್ಲಾಸ್ಕಿನಲ್ಲಿ ಸಕ್ಕರೆ ಹಾಕದ ಚಹಾ. ಸೊಳ್ಳೆ ಕಚ್ಚಿದರೂ ಒಡೊಮಾಸ್ ಹಚ್ಚಗೊಡುವುದಿಲ್ಲ, ಹುಳಕ್ಕೆ ವಾಸನೆ ಆಗದಂತೆ. ಬೇರೆಯವರ ಮಾತು ಇವರಿಗೆ ಗದ್ದಲ, ತಮ್ಮದು ವಿವರಣೆ.

ನನ್ನ ಪಾಲಿಗೆ ಬಂದದ್ದು ಅಕ್ಕನ ಗಂಡ. ಗುಂತಕಲ್ಲಿನಲ್ಲಿ ಗೂಡ್ಸ್ ಗಾರ್ಡ್ ಆಗಿದ್ದು ರಿಟೈರ್ ಆಗಿ ಮದ್ದಿಕೇರದಲ್ಲಿ ಮನೆ ಕಟ್ಟಿಕೊಂಡವರು. ಊರಿಗೆಲ್ಲ ಗಾರ್ಡ್ ಸಾರು, ನನಗೆ ಭಾವ. 2022ರ ಜನವರಿಯಲ್ಲಿ ರೈಲ್ವೆಯವರು ಗಾರ್ಡ್ ಅನ್ನುವ ಹೆಸರು ತೆಗೆದು ಟ್ರೈನ್ ಮ್ಯಾನೇಜರ್ ಎಂದು ಇಟ್ಟಾಗ, ಆ ಹೆಸರು ತಮ್ಮ ಸರ್ವೀಸಿನಲ್ಲಿ ಬರಲಿಲ್ಲವೆಂದು ಒಂದು ವಾರ ಸಪ್ಪಗಿದ್ದರು. ಆಮೇಲೆ ತಾವೇ ಸಮಾಧಾನ ಮಾಡಿಕೊಂಡರು: “ಮ್ಯಾನೇಜರ್ ಬ್ಯಾಂಕಿನಾಗೂ ಇರ್ತಾನ, ಹೋಟ್ಲಾಗೂ ಇರ್ತಾನ. ಗಾರ್ಡ್ ಅಂದ್ರ ರೈಲಿಗೆ ಒಬ್ಬನ.”

ಭಾವನ ಜೊತೆ ಹುಳ ನೋಡಲು ಹೋಗುವುದೆಂದರೆ ಮೊದಲು ಕತ್ತಲೆಯಲ್ಲಿ ಅರ್ಧ ಗಂಟೆ ಸುಮ್ಮನೆ ಕೂರಬೇಕು. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು ಅನ್ನುವುದು ನಿಜವೇ. ಆದರೆ ಅದನ್ನು ಎರೆಹೊಲದ ಬದುವಿನ ಮೇಲೆ, ಬಳ್ಳಾರಿ ಜಾಲಿಯ ಮುಳ್ಳಿನ ಪಕ್ಕ, ಎರಡೆರಡು ಕಿಲೋ ಹಸಿ ಮಣ್ಣು ಮೆತ್ತಿಕೊಂಡ ಚಪ್ಪಲಿಯಲ್ಲಿ ಕೂತು ಸಾಬೀತು ಮಾಡಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ನಾನು ಹಾವಿಗೆ ಹೆದರುವವನು. ಚೇಳಿಗೂ ಹೆದರುತ್ತೇನೆ. ನಿಜ ಹೇಳಬೇಕೆಂದರೆ ಕಪ್ಪೆ ಕಾಲ ಮೇಲೆ ಹಾರಿದರೂ ನನ್ನ ಬಾಯಿಂದ ಬರುವ ಸದ್ದು ಗಂಡಸಿನದಲ್ಲ. ಒಮ್ಮೆ ಹಾಗೇ ಆಗಿ, ಗಾಬರಿಯಲ್ಲಿ ಮೊಬೈಲ್ ಬೆಳಕು ಹಚ್ಚಿದೆ. ಭಾವ ಕೂತಲ್ಲೇ ಕೂಗಿದರು:

“ಬ್ಯಾಟ್ರಿ ಆರ್ಸೋ! ಹೋತು, ಎಲ್ಲಾ ಹೋತು. ಮತ್ತ ಮೊದಲಿಂದ ಅರ್ಧ ತಾಸು ಕೂಡ್ರು!”

ಬೆಳಕಿನ ಮೇಲೆ ಅವರ ದ್ವೇಷ ಅಷ್ಟಿಷ್ಟಲ್ಲ. ಬೀದಿಗೆ ಎಲ್‌ಇಡಿ ದೀಪ ಹಾಕಿದಾಗ ಊರೆಲ್ಲ ಖುಷಿಪಟ್ಟರೆ ಇವರೊಬ್ಬರು ಪಂಚಾಯ್ತಿಗೆ ಅರ್ಜಿ ಬರೆದರು, ಜೂನ್ ತಿಂಗಳಲ್ಲಿ ಕೊನೆಯ ಕಂಬದ ದೀಪ ಆರಿಸಬೇಕೆಂದು. ಗುಂತಕಲ್–ನಂದ್ಯಾಲ ಲೈನಿನ ಮೇಲೆ ರಾತ್ರಿ ಗಾಡಿ ಬಂದು ಹೆಡ್‌ಲೈಟು ಹೊಲದ ಮೇಲೆ ಹಾಯ್ದರೆ, ಜೀವಮಾನವೆಲ್ಲ ಅದೇ ರೈಲ್ವೆಯ ಅನ್ನ ಉಂಡ ಈ ಮನುಷ್ಯ ಎದ್ದು ನಿಂತು ಗಾಡಿಗೆ ಬೈಯುತ್ತಾರೆ. ದೂರದ ಗಾಳಿಫ್ಯಾನುಗಳ ತುದಿಯಲ್ಲಿ ಮಿನುಗುವ ಕೆಂಪು ದೀಪಗಳಿಗೆ ಮಾತ್ರ ಏನೂ ಮಾಡಲಾಗದೆ ಅವುಗಳಿಗೆ ಬೆನ್ನು ಹಾಕಿ ಕೂರುತ್ತಾರೆ.

ಇಷ್ಟೆಲ್ಲ ವ್ರತ ಹಿಡಿದ ಮೇಲೆ ಕಾಣುವುದೆಷ್ಟು? ನಮ್ಮದು ಮಳೆ ಕಮ್ಮಿಯ ಸೀಮೆ. ಆಗುಂಬೆಯ ಹಾಗೆ ಮರಕ್ಕೆ ಮರವೇ ಮಿನುಗುವ ಭಾಗ್ಯ ಇಲ್ಲಿಲ್ಲ. ಹಳ್ಳದ ದಂಡೆಯಲ್ಲಿ ಹಾರುವವು ನಾಲ್ಕಾರು. ಭಾವನಿಗೆ ಆ ಹಾರುವವುಗಳ ಮೇಲೆ ಅಷ್ಟು ಗೌರವವಿಲ್ಲ. ಅವರಿಗೆ ಬೇಕಾದದ್ದು ನೆಲದಲ್ಲಿ ಕೂತು ಉರಿಯುವುದು. ಕೆಲವು ಜಾತಿಗಳಲ್ಲಿ ಹೆಣ್ಣಿಗೆ ರೆಕ್ಕೆಯೇ ಬರುವುದಿಲ್ಲ. ಬೆಳೆದರೂ ಮರಿಹುಳದ ರೂಪದಲ್ಲೇ ಇದ್ದು, ಹುಲ್ಲಿನ ಬುಡದಲ್ಲಿ ಹೊಟ್ಟೆಯ ತುದಿಯ ದೀಪ ಹೊತ್ತಿಸಿಕೊಂಡು ಕಾಯುತ್ತದೆ. ಗಂಡು ಮೇಲೆ ಹಾರಾಡುತ್ತ ಆ ಬೆಳಕು ನೋಡಿ ಇಳಿಯಬೇಕು. ಪಕ್ಕದಲ್ಲಿ ಕಂಬದ ದೀಪ ಉರಿದರೆ ಗಂಡಿಗೆ ಇವಳು ಕಾಣುವುದೇ ಇಲ್ಲ. ಸ್ಟೇಷನ್ ದಾಟುವಾಗ ಬ್ರೇಕ್‌ವ್ಯಾನಿನಲ್ಲಿ ನಿಂತು ಹಸಿರು ದೀಪ ತೋರಿಸುವ ಗಾರ್ಡಿನ ಹಾಗೆಯೇ ಈ ಹುಳ, ಎದುರಿನವನು ನೋಡದಿದ್ದರೆ ಕೆಲಸ ಕೆಟ್ಟಂತೆ. ಇದು ಭಾವನ ಸ್ವಂತ ಹೋಲಿಕೆ; ಕೇಳಿ ಕೇಳಿ ನನ್ನದೂ ಆಗಿಬಿಟ್ಟಿದೆ.

ಕೂತ ಅರ್ಧ ಗಂಟೆಯಲ್ಲಿ ಉಳಿದ ಪಾಠವೂ ಆಗುತ್ತದೆ. ಇದು ಹುಳವಲ್ಲ, ದುಂಬಿಯ ಕುಲ. ಮರಿಯಿದ್ದಾಗ ಬಸವನಹುಳವನ್ನು ಕಚ್ಚಿ, ವಿಷ ಸೇರಿಸಿ, ಕರಗಿಸಿ ಹೀರುತ್ತದೆ. (ಇದನ್ನು ಹೇಳುವುದು ಸರಿಯಾಗಿ ನಾವು ಬುತ್ತಿ ಬಿಚ್ಚುವ ಹೊತ್ತಿಗೆ.) ದೊಡ್ಡದಾದ ಮೇಲೆ ಬಹಳಷ್ಟು ಜಾತಿಗಳು ಊಟವನ್ನೇ ಮಾಡುವುದಿಲ್ಲ. ಲೂಸಿಫೆರಿನ್ ಅನ್ನುವ ವಸ್ತು ಆಮ್ಲಜನಕದ ಜೊತೆ ಸೇರಿ ಬೆಳಕಾಗುತ್ತದೆ, ಅದಕ್ಕೆ ಬಿಸಿಯೇ ಇಲ್ಲ. ನ್ಯೂಜಿಲೆಂಡಿನ ವೈಟೋಮೊ ಗುಹೆಯಲ್ಲಿ ದುಡ್ಡು ಕೊಟ್ಟು ದೋಣಿಯಲ್ಲಿ ಕೂತು ನೋಡುತ್ತಾರಲ್ಲ, ಅದು ಇದರ ನೆಂಟನೂ ಅಲ್ಲ, ಒಂದು ಜಾತಿಯ ನೊಣದ ಮರಿ. ಅಷ್ಟರಲ್ಲಿ ನನ್ನ ಮಗಳು, ಗೀಜಗನ ಹಕ್ಕಿ ಗೂಡಿನ ಒಳಗೆ ಹಸಿಮಣ್ಣಿಗೆ ಮಿಣುಕುಹುಳ ಅಂಟಿಸಿ ದೀಪ ಮಾಡಿಕೊಳ್ಳುತ್ತದೆಂದು ನಮ್ಮವ್ವ ಹೇಳಿದ್ದನ್ನು ನೆನಪಿಸುತ್ತಾಳೆ. ಭಾವನ ವಿಜ್ಞಾನ ಅಲ್ಲಿಗೆ ನಿಲ್ಲುತ್ತದೆ. ಅತ್ತೆ ಹೇಳಿದ ಕಥೆ ಸುಳ್ಳೆನ್ನುವ ಧೈರ್ಯ ಅವರಿಗಿಲ್ಲ.

ಒಮ್ಮೆ ಬೇಲಿಯ ಮರೆಯಲ್ಲಿ ಒಂದು ಕೆಂಪು ಬೆಳಕು ಕಾಣಿಸಿತು. ದೊಡ್ಡದಾಗುತ್ತಿತ್ತು, ಸಣ್ಣದಾಗುತ್ತಿತ್ತು. “ಕೆಂಪು! ಇದು ಹೊಸ ಜಾತಿ ನೋಡೋ!” ಎಂದು ಭಾವ ಪಿಸುಗುಟ್ಟಿ ಮಂಡಿಯ ಮೇಲೆ ತೆವಳುತ್ತ ಹೋದರು. ತೀರ ಹತ್ತಿರ ಹೋದಾಗ ಹೊಸ ಜಾತಿ ಬೀಡಿ ಬಿಸಾಕಿ, ಪಂಚೆ ಸರಿಮಾಡಿಕೊಂಡು, ಚೊಂಬು ಎತ್ತಿಕೊಂಡು ಓಡಿತು.

ಇವೆಲ್ಲ ಸಣ್ಣವು. ಊರಿನ ಬಾಯಲ್ಲಿ ಇಂದಿಗೂ ಇರುವುದು ಪೆರವಲಿ ಕಡೆಯ ಹೊಲದ ಕಥೆ.

ಆವತ್ತು ಮಗಳು ಶೇಂಗಾ ಬಿತ್ತಿದ ಹೊಲದ ಬದುವಿನಲ್ಲಿ ನಿಜವಾಗಿ ಒಂದನ್ನು ಕಂಡಳು. ನೆಲದಲ್ಲಿ, ಹುಲ್ಲಿನ ಬುಡದಲ್ಲಿ, ಒಂದೇ ಸಮನೆ ಉರಿಯುವ ಹಸಿರು. ಭಾವ ಮಂಡಿಯೂರಿ ಭೂತಗನ್ನಡಿ ತೆಗೆದರು. ಗುಡಿಯ ಕಟ್ಟೆಗೆ ಮಲಗಲು ಹೋಗುತ್ತಿದ್ದ ವಜ್ರದವರ ಕಣ್ಣಿಗೆ ಬಿದ್ದದ್ದು ಇಷ್ಟೇ: ಕತ್ತಲೆ ಹೊಲ, ಮಂಡಿಯೂರಿದ ಮುದುಕ, ಕೈಯಲ್ಲಿ ಭೂತಗನ್ನಡಿ. ಇನ್ನೇನು ಬೇಕು? ನೋಡನೋಡುತ್ತ ಸುತ್ತ ಹತ್ತು ಹದಿನೈದು ಬ್ಯಾಟರಿ ಹೊತ್ತಿಕೊಂಡವು.

“ಏಂ ಸಾರ್, ರಾಯಿ ದೊರಿಕಿಂದಾ?”

ಕಲ್ಲು ಸಿಕ್ಕಿತಾ ಎಂದು ಕೇಳಿದ್ದಕ್ಕೆ ಇಲ್ಲ ಅಂದರೆ ಮುಗಿಯುತ್ತಿತ್ತು. ಭಾವನಿಗೆ ಆ ಪ್ರಶ್ನೆ ಕೇಳಿಸಲೇ ಇಲ್ಲ. ಅವರಿಗೆ ಕಂಡದ್ದು ಬರೀ ಬ್ಯಾಟರಿ. “ಆರ್ಸ್ರಿ! ಮೊದ್ಲು ಬ್ಯಾಟ್ರಿ ಆರ್ಸ್ರಿ! ಯಾರೂ ಹತ್ರ ಬರಬ್ಯಾಡ್ರಿ!” ಎಂದು ಎರಡೂ ಕೈ ಅಗಲಿಸಿ ಹುಲ್ಲಿನ ಮೇಲೆ ಕವಿದು ನಿಂತರು. ಸಿಕ್ಕಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಎಷ್ಟು ಕ್ಯಾರೆಟ್ ಇರಬಹುದೆಂದು ಹಿಂದಿನವನೊಬ್ಬ ಕೇಳಿದ. “ಅದು ಹೆಣ್ಣು! ರೆಕ್ಕಿ ಇಲ್ಲ ಅದಕ್ಕ!” ಎಂದರು ಭಾವ. ಮುದುಕ ಮಾತು ಮರೆಸುತ್ತಿದ್ದಾನೆ ಎಂದು ಜನ ಇನ್ನೂ ಹತ್ತಿರ ಬಂದರು. ಯಾರೋ ಅವರ ಕೈಚೀಲ ಕಸಿದು ಒಳಗಿದ್ದ ಹಾರ್ಲಿಕ್ಸ್ ಸೀಸೆ ತೆಗೆದರು, ಬೆಳಕು ಬಿಟ್ಟರು. ಒಳಗೆ ಹುಳದ ಮರಿಗಳಿಗೆಂದು ಭಾವ ಹಿಡಿದಿಟ್ಟ ಬಸವನಹುಳಗಳು. ಸೀಸೆ ಹಿಡಿದವನ ಮುಖ ನೋಡಿ ನನಗೆ ಆವತ್ತು ಮೊದಲ ಸಲ ಈ ಹವ್ಯಾಸದಲ್ಲಿ ಸ್ವಲ್ಪ ಸುಖ ಕಾಣಿಸಿತು.

ಅಷ್ಟರಲ್ಲಿ ಹೊಲದವನು ಬಡಿಗೆ ಹಿಡಿದು ಬಂದ. ಬಿತ್ತಿದ ಬೀಜ ತುಳಿದು ಹಾಳು ಮಾಡುತ್ತಾರೆಂದು ಈ ಸೀಮೆಯ ರೈತರಿಗೆ ವಜ್ರದವರ ಮೇಲೆ ಮೊದಲೇ ಸಿಟ್ಟು. ದಂಡು ದಿಕ್ಕಾಪಾಲಾಗಿ ಓಡಿತು, ಅವರ ಮುಂದೆ ನಾನಿದ್ದೆ. ಭಾವ ಮಾತ್ರ ಕದಲಲಿಲ್ಲ. ಹೊಲದವನು ಗುರುತು ಹಿಡಿದು, “ಏನ್ ಗಾರ್ಡ್ ಸಾರ್, ಪಿಂಚಣಿ ಸಾಲದ ನೀವೂ ವಜ್ರಕ್ಕ ಬಿದ್ರೇನು?” ಎಂದನಂತೆ. ಹುಳ ಅಷ್ಟು ಹೊತ್ತಿಗೆ ದೀಪ ಆರಿಸಿಕೊಂಡಿತ್ತು, ತೋರಿಸಲು ಏನೂ ಉಳಿದಿರಲಿಲ್ಲ.

ನಮ್ಮ ಕಡೆ ಕಲ್ಲು ಸಿಕ್ಕವರು ಸಿಕ್ಕಿತೆಂದು ಹೇಳುವುದಿಲ್ಲ. ಗುಟ್ಟಾಗಿ ವ್ಯಾಪಾರಿಗೆ ಕೊಟ್ಟು ಸುಮ್ಮನಾಗುತ್ತಾರೆ. ಹಾಗಾಗಿ ಭಾವ ಇಲ್ಲ ಇಲ್ಲ ಎಂದಷ್ಟೂ ಊರಿಗೆ ನಂಬಿಕೆ ಗಟ್ಟಿಯಾಯಿತು. ವರ್ಷಗಟ್ಟಲೆ ಮುಖ ತೋರಿಸದಿದ್ದ ನೆಂಟರು ಆದೋನಿಯಿಂದ, ಆಲೂರಿನಿಂದ ಕ್ಷೇಮ ವಿಚಾರಿಸಲು ಬಂದರು. ಕೊನೆಗೆ ಅಕ್ಕನೇ ನನ್ನನ್ನು ಹಿತ್ತಲಿಗೆ ಕರೆದು, “ನನ್ನ ಮ್ಯಾಲೆ ಆಣಿ ಮಾಡಿ ಹೇಳು ತಮ್ಮಾ, ಸಿಕ್ತೇನು?” ಎಂದಳು. ಆಣೆ ಮಾಡಿದೆ. ಓಡಿ ಹೋದವನ ಆಣೆಗೆ ಬೆಲೆ ಇಲ್ಲವೆಂದಳು.

ಇಷ್ಟು ಅನುಭವಿಸಿದ ಮೇಲೂ ಮಳೆ ಬಿದ್ದ ಸಂಜೆ ಭಾವ ಅಂಗಳದಲ್ಲಿ ನಿಂತು ಕೂಗಿದರೆ ನಾನು ಚಪ್ಪಲಿ ಹುಡುಕುತ್ತೇನೆ. ಅದಕ್ಕೆ ಕಾರಣ ಒಂದಿದೆ. ಗೂಡ್ಸ್ ಗಾಡಿಯನ್ನು ಸಣ್ಣ ಸ್ಟೇಷನ್ನಿನ ಲೂಪ್ ಲೈನಿಗೆ ಹಾಕಿದರೆಂದರೆ ಎಕ್ಸ್‌ಪ್ರೆಸ್ಸುಗಳೆಲ್ಲ ಹೋಗುವವರೆಗೆ ಅದು ಅಲ್ಲೇ. ಡ್ರೈವರ್ ಇರುವುದು ಅರ್ಧ ಮೈಲು ಮುಂದೆ. ಬ್ರೇಕ್‌ವ್ಯಾನಿನಲ್ಲಿ ದೀಪವಿಲ್ಲ, ಫ್ಯಾನಿಲ್ಲ, ಮಾತಾಡಲು ಮನುಷ್ಯರಿಲ್ಲ. ಅಂಥ ರಾತ್ರಿಗಳಲ್ಲಿ ಹಳಿಯ ಪಕ್ಕದ ಹುಲ್ಲಿನಲ್ಲಿ ಇವು ಹೊತ್ತಿಕೊಳ್ಳುತ್ತಿದ್ದವಂತೆ. “ನಾ ಕೈದೀಪ ಹಸಿರು ಮಾಡಿ ತೋರಸ್ತಿದ್ನಿ ಅವಕ್ಕ. ಆಲ್ ರೈಟ್ ಅಂತ,” ಎಂದು ಒಮ್ಮೆ ಮಾತಿನ ಮಧ್ಯೆ ಹೇಳಿ, ಹೇಳಬಾರದ್ದು ಹೇಳಿದೆನೇನೋ ಅನ್ನುವಂತೆ ಚಹಾ ಬಗ್ಗಿಸಿಕೊಂಡರು. ಆಗಿನಷ್ಟು ಈಗಿಲ್ಲ. ಬದುಗಳನ್ನೇ ಕಿತ್ತು ಹೊಲ ಮಾಡಿದ್ದೇವೆ, ಹತ್ತಿಗೆ ಹೊಡೆಯುವ ಔಷಧಿ ಹತ್ತಿಯ ಹುಳಕ್ಕಷ್ಟೇ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಅದನ್ನು ಓದಲು ಮಿಣುಕುಹುಳಕ್ಕೆ ಬರುವುದಿಲ್ಲ.

ಇನ್ನೊಂದು ವಿಷಯ ಗೊತ್ತಾದದ್ದು ಹೋದ ಮಳೆಗಾಲದಲ್ಲಿ. ಭಾವನದ್ದು ಒಂದು ಚಾಳಿ, ನಮ್ಮಿಂದ ಲೆಕ್ಕ ಹೇಳಿಸುವುದು. “ಎಷ್ಟವ? ಯಾವ ಕಡಿ? ಮಿಣುಕ್ತೈತೋ, ಸುಮ್ನ ಉರಿತೈತೋ? ಹಸಿರೋ ಹಳದಿಯೋ?” ನಾವು ಹೇಳಿದ್ದನ್ನು ಮನೆಗೆ ಬಂದು ನೋಟ್‌ಬುಕ್ಕಿಗೆ ಏರಿಸುತ್ತಿದ್ದರು. ಪರೀಕ್ಷೆ ಮಾಡುತ್ತಾರೆಂದು ನಾನು ಉರಿದುಬೀಳುತ್ತಿದ್ದೆ. ಆ ರಾತ್ರಿ ಮಗಳು ಹುಳ ಕೂತ ಎಲೆಯನ್ನೇ ನಿಧಾನವಾಗಿ ಎತ್ತಿ ಅವರ ಮುಖದ ಮುಂದೆ ಹಿಡಿದಳು. ಭಾವ ಅತ್ತಿತ್ತ ನೋಡಿ, “ಎಲ್ಲೈತಿ?” ಎಂದರು. ನಮ್ಮಿಬ್ಬರಿಗೂ ಮಾತು ಬರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸರ್ವೀಸಿನ ಉದ್ದಕ್ಕೂ ರೈಲ್ವೆ ಡಾಕ್ಟರರ ಎದುರು ಕಣ್ಣಿನ ಪರೀಕ್ಷೆ ಪಾಸಾಗುತ್ತ ಬಂದವರಿಗೆ ಅದನ್ನು ಬಾಯಿಬಿಟ್ಟು ಹೇಳುವುದು ಕಷ್ಟವಾಗಿರಬೇಕು. ಅಷ್ಟು ಕಾಲ ಅವರು ನಮ್ಮ ಕಣ್ಣಲ್ಲಿ ನೋಡುತ್ತಿದ್ದರು, ನಾನು ಆಕಳಿಸುತ್ತ ಲೆಕ್ಕ ಒಪ್ಪಿಸುತ್ತಿದ್ದೆ.

ಪೊರೆ ತೆಗೆಸಿದ್ದಾಯಿತು. ಒಳಗೆ ಹೊಸ ಲೆನ್ಸ್ ಕೂರಿಸಿದ್ದಾರೆ. ಈ ಜೂನ್ ಬಂದಾಗ ನನ್ನ ಕರುಣೆಯೆಲ್ಲ ಒಂದೇ ರಾತ್ರಿಗೆ ಖರ್ಚಾಯಿತು. ಭಾವನಿಗೆ ಈಗ ಎಲ್ಲ ಕಾಣುತ್ತದೆ. ನಾವು ನಾಲ್ಕೆಂದ ಹಳ್ಳದ ದಂಡೆಯಲ್ಲಿ ಅವರಿಗೆ ಹನ್ನೊಂದು ಕಂಡವು. ನಾವು ಹಳದಿ ಎಂದು ಬರೆಸಿದ್ದು ಹಸಿರಂತೆ. ಅಂಗಳದ ಬಲ್ಬಿನ ಕೆಳಗೆ ನೋಟ್‌ಬುಕ್ ಬಿಚ್ಚಿಕೊಂಡು ಹಳೆಯ ಲೆಕ್ಕಗಳ ಮೇಲೆಲ್ಲ ಕೆಂಪು ಗೀಟು ಎಳೆದರು.

“ನಿನ್ನ ಮಾತು ನಂಬಿ ಸುಳ್ಳು ರಿಪೋರ್ಟ್ ಬರದೀನಿ ನಾನು. ನಿನ್ನ ಕಣ್ಣಾಗ ಏನೋ ಐತಿ, ತೋರ್ಸು.”

“ದುಡ್ಡಾಗ್ತೈತಿ ಭಾವ,” ಎಂದೆ.

“ಎಷ್ಟಾದರೂ ಆಗ್ಲಿ, ನಾ ಕೊಡ್ತೀನಿ!”

ಒಂದು ಚಹಾಕ್ಕೂ ಲೆಕ್ಕ ಕೇಳುವ ಮನುಷ್ಯ. ಒಳಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ಅಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ಗಂಡನನ್ನು ನೋಡಿದಳು, ನನ್ನನ್ನು ನೋಡಿದಳು.

“ನಾ ಅವತ್ತ ಅಂದಿದ್ನಿಲ್ಲೇನು?” ಎಂದಳು.