ತೈಲಾಭಾವ ಮೀಮಾಂಸೆ
(ಅಥವಾ ವಾರಂಟಿ ದರ್ಶನಕ್ಕೊಂದು ಪೀಠಿಕೆ)

ವಿಷಯ

ವಿದ್ಯಾರಣ್ಯರ ಹೆಸರಿನಲ್ಲಿ ಪ್ರಸಿದ್ಧವಾದ ‘ಸರ್ವದರ್ಶನ ಸಂಗ್ರಹ’ದಲ್ಲಿ ಚಾರ್ವಾಕ ಮೊದಲಾಗಿ ಹದಿನಾರು ದರ್ಶನಗಳ ನಿರೂಪಣೆಯಿದೆ. ಹದಿನೇಳನೆಯದು ಬಿಟ್ಟುಹೋಗಿದೆ. ಇದು ಗ್ರಂಥಕಾರರ ತಪ್ಪಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಕಾರು ಇರಲಿಲ್ಲ. ಇದ್ದ ರಥಕ್ಕೆ ಕೀಲೆಣ್ಣೆ ಸಾಕಾಗುತ್ತಿತ್ತು. ರಥ ಕಟ್ಟಿದ ಬಡಗಿ ‘ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು’ ಎಂದು ಬರೆದುಕೊಡುತ್ತಿರಲಿಲ್ಲ. ಆ ಕೊರತೆಯನ್ನು ಹಂಪಿಯ ನೆರೆಯ ಬಳ್ಳಾರಿಯಿಂದಲೇ ತುಂಬುವುದು ಉಚಿತವೆಂದು ಪ್ರಬಂಧಕಾರನ ವಿನಮ್ರ ಅಭಿಪ್ರಾಯ.

ಈ ಶಾಸ್ತ್ರದಲ್ಲಿ ಬಳ್ಳಾರಿ ಸೀಮೆಗಿರುವ ಹಕ್ಕು ಹಳೆಯದು. ಊರಿನ ಪಕ್ಕದ ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನ ಕಲ್ಲುಗೊಡಲಿಗಳನ್ನು ಬಂಡೆಗೆ ತಿಕ್ಕಿ ನಯ ಮಾಡಿದ ಗುಳಿಗಳು ಇವತ್ತಿಗೂ ಇವೆ. ತಿಕ್ಕಿದರೆ ಎರಡೂ ಸವೆಯುತ್ತವೆ ಎಂಬ ಘರ್ಷಣಶಾಸ್ತ್ರದ ಮೂಲಸೂತ್ರ ಇಲ್ಲಿ ಸಾವಿರಾರು ವರ್ಷ ಹಿಂದೆಯೇ ಪ್ರಯೋಗಸಿದ್ಧ. ಇನ್ನೊಂದು ತುದಿಯಲ್ಲಿ ಕುರುಗೋಡಿನ ದೊಡ್ಡ ಬಸವಣ್ಣ: ಏಕಶಿಲೆ, ಬಿಡಿಭಾಗವಿಲ್ಲ, ಬೇರಿಂಗಿಲ್ಲ, ಅಲುಗಾಟವಿಲ್ಲ. ಶಿವನ ವಾಹನ ಇಷ್ಟು ಶತಮಾನ ಒಂದೂ ತಕರಾರಿಲ್ಲದೆ ಕೂತಿರುವುದಕ್ಕೆ ಇದೇ ಕಾರಣವೆಂದು ಬಲ್ಲವರ ಮತ. ಓಡುವ ವಾಹನ ಕೊಂಡವರಿಗೆ ಆ ನೆಮ್ಮದಿ ಇಲ್ಲ.

ಓಡುವ ಇಂಜಿನ್ನಿನೊಳಗೆ ಕ್ರ್ಯಾಂಕ್ ಶಾಫ್ಟಿಗೂ ಬೇರಿಂಗಿಗೂ ನಡುವೆ ಇರುವುದು ಕೂದಲೆಳೆಗಿಂತ ತೆಳ್ಳಗಿನ ಆಯಿಲ್ ಪದರ. ಅದು ಇರುವತನಕ ಲೋಹಕ್ಕೆ ಲೋಹ ತಾಗದು. ಚೇಂಬರಿನಲ್ಲಿ ಆಯಿಲ್ ತಳ ಸೇರಿ ಪಂಪು ಗಾಳಿ ಹೀರತೊಡಗಿತೋ, ಬೇರಿಂಗ್ ಕಿತ್ತು, ಶಾಫ್ಟು ಕಾದು ನೀಲಿಗಟ್ಟಿ, ಕನೆಕ್ಟಿಂಗ್ ರಾಡು ಕಟಕಟ ಬಡಿಯುತ್ತದೆ. ಅಲ್ಲಿಗೆ ಯಂತ್ರಶಾಸ್ತ್ರ ಮುಗಿದು ತರ್ಕಶಾಸ್ತ್ರ ಶುರುವಾಗುತ್ತದೆ.

ಸಂಶಯ

ಶಾಸ್ತ್ರಗ್ರಂಥಗಳಲ್ಲಿ ಉದಾಹರಣೆ ಬೇಕಾದಾಗಲೆಲ್ಲ ಕರೆಯದೆ ಬಂದು ನಿಲ್ಲುವವರು ಇಬ್ಬರು: ದೇವದತ್ತ, ಯಜ್ಞದತ್ತ. ಈ ಪ್ರಬಂಧದಲ್ಲಿ ದೇವದತ್ತ ಸಿರುಗುಪ್ಪದ ಭತ್ತದ ರೈತ. ಯಜ್ಞದತ್ತ ಕುರುಗೋಡಿನ ಗ್ಯಾರೇಜಿನವನು. ದೇವದತ್ತ ಬಳ್ಳಾರಿಯ ಷೋರೂಮಿನಲ್ಲಿ ಕಾರು ಕೊಂಡ, ಕನಕ ದುರ್ಗಮ್ಮನ ಗುಡಿ ಮುಂದೆ ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿದ, ವಾರಂಟಿ ಪುಸ್ತಕವನ್ನು ಪ್ಲಾಸ್ಟಿಕ್ ಹೊದಿಕೆ ಸಮೇತ ಡ್ಯಾಶ್‌ಬೋರ್ಡಿನ ಖಾನೆಗೆ ಸೇರಿಸಿದ. ಹೊದಿಕೆ ಇನ್ನೂ ಹಾಗೇ ಇದೆ.

ಒಂದು ಬೇಸಿಗೆಯ ಮಧ್ಯಾಹ್ನ ತೆಕ್ಕಲಕೋಟೆ ದಾಟಿ ಬಳ್ಳಾರಿಯ ಕಡೆ ಬರುವಾಗ ಸ್ಪೀಡೋಮೀಟರಿನ ಪಕ್ಕ ಕೆಂಪು ಗಿಂಡಿಯೊಂದು ಹೊತ್ತಿಕೊಂಡಿತು. ಗಿಂಡಿಯ ಮೂತಿಯಲ್ಲಿ ಒಂದೇ ಒಂದು ಹನಿ. ಹಿಂದಿನ ಸೀಟಿನಿಂದ ಅವನ ಅತ್ತೆ ನೋಡಿದರು.

“ಅದೇನೋ ದೀಪ ಹತ್ತೈತಲ್ಲಪ್ಪ?”

“ಹತ್ಲಿ ಬಿಡತ್ತೆ, ಬಳ್ಳಾರಿಗೆ ಹೋಗಿ ತೋರಿಸಿದ್ರಾತು.”

ಬಳ್ಳಾರಿಗೆ ಹೋದದ್ದು ನಿಜ, ಹಗ್ಗ ಕಟ್ಟಿಸಿಕೊಂಡು. ವರ್ಕ್‌ಶಾಪಿನ ಅಡ್ವೈಸರ್ ಬಾನೆಟ್ ಎತ್ತಿ, ಇಳಿಸಿ, ಕೈ ಒರೆಸಿಕೊಂಡು ಹೇಳಿದ: “ಇಂಜಿನ್ ಸೀಜ್ ಆಗೈತ್ರಿ ಸರ್. ಚೇಂಬರ್‌ನಾಗೆ ಆಯಿಲ್ಲೇ ಇಲ್ಲ. ಇದು ವಾರಂಟಿಗೆ ಬರಲ್ಲ.”

ಬರುತ್ತದೆಯೋ, ಬರುವುದಿಲ್ಲವೋ? ಇದೇ ಸಂಶಯ.

ಪೂರ್ವಪಕ್ಷ

‘ಇಲ್ಲ’ ಎಂಬುದು ಬರಿಯ ಮಾತಲ್ಲ, ಅದೂ ಒಂದು ಪದಾರ್ಥ, ಅದರಲ್ಲಿ ನಾಲ್ಕು ಬಗೆ ಎಂದು ನೈಯಾಯಿಕರು ಹೇಳಿದಾಗ ನಕ್ಕವರು ಬಳ್ಳಾರಿಯಲ್ಲಿ ಕಾರಿನ ಕ್ಲೇಮು ಹಾಕಿ ನೋಡಬೇಕು.

ಮೊದಲನೆಯದು ಪ್ರಾಗಭಾವ, ಬರುವ ಮುಂಚಿನ ಇಲ್ಲದಿರುವಿಕೆ. ಹದಿನೈದು ದಿನದ ಹಿಂದೆ ಸರ್ವಿಸ್ ಮಾಡಿಸಿದ್ದೇನೆ, ಹಳೇ ಆಯಿಲ್ ಇಳಿಸಿದವರು ಹೊಸದು ಪೂರ್ತಿ ಹಾಕಲಿಲ್ಲ, ಇಲ್ಲವೇ ಡ್ರೈನ್ ಬೋಲ್ಟು ಬಿಗಿ ಮಾಡಲಿಲ್ಲ ಎಂಬುದು ದೇವದತ್ತನ ವಾದ. ಷೋರೂಮಿನವರು ಇದಕ್ಕೆ ಕಾಕತಾಳೀಯ ನ್ಯಾಯದಿಂದ ಉತ್ತರಿಸುತ್ತಾರೆ: ಕಾಗೆ ಕೂತಿತು, ಹಣ್ಣು ಬಿತ್ತು, ಅಷ್ಟೇ. ಜಾಬ್ ಕಾರ್ಡು ತೆಗೆದು ‘ಇಂಜಿನ್ ಆಯಿಲ್’ ಎಂಬ ಸಾಲಿನ ಎದುರು ಹಾಕಿದ ರೈಟ್ ಗುರುತನ್ನು ತೋರಿಸುತ್ತಾರೆ. ಗುರುತು ಇದೆ, ಲೀಟರಿನ ಲೆಕ್ಕ ಇಲ್ಲ.

ಎರಡನೆಯದು ಪ್ರಧ್ವಂಸಾಭಾವ. ಇತ್ತು, ಈಗ ನಾಶವಾಗಿದೆ. ನಾಶಕ್ಕೆ ದಾರಿ ಎರಡು, ಸೋರುವುದು ಮತ್ತು ಉರಿಯುವುದು. ಗುಂಡಿಯಲ್ಲಿ ಇಳಿದ ಕಾರಿನ ಚೇಂಬರಿಗೆ ಕಲ್ಲು ಬಡಿದು ಬಿರುಕು ಬಿಟ್ಟರೆ ಕಂಪನಿ ‘ಹೊರಗಿನ ಪೆಟ್ಟು, ವಿಮೆಯವರನ್ನು ಕೇಳಿ’ ಎನ್ನುತ್ತದೆ. ವಿಮೆಯವರು ಇನ್ನೂ ಸೂಕ್ಷ್ಮಮತಿಗಳು. ಕಲ್ಲು ಬಡಿದದ್ದು ಚೇಂಬರಿಗೆ, ಅದರ ದುಡ್ಡು ಕೊಡುತ್ತೇವೆ. ಆಮೇಲೆ ಆಯಿಲ್ ಇಲ್ಲದೆ ನೀವು ಓಡಿಸಿದ್ದರಿಂದ ಇಂಜಿನ್ ಹೋದದ್ದು ಆನುಷಂಗಿಕ ಹಾನಿ, ಅದು ಸಾಮಾನ್ಯ ಪಾಲಿಸಿಯಲ್ಲಿಲ್ಲ, ‘ಇಂಜಿನ್ ಪ್ರೊಟೆಕ್ಟ್’ ಎಂಬ ಪ್ರತ್ಯೇಕ ರೈಡರ್ ತಗೊಂಡಿರಬೇಕಿತ್ತು. ಒಂದೇ ಕಲ್ಲು, ಒಂದೇ ದಾರಿ, ಎರಡು ಹಾನಿ. ಅಗ್ಗದ ಹಾನಿ ವಿಮೆಗೆ, ದುಬಾರಿ ಹಾನಿ ದೇವದತ್ತನಿಗೆ.

ಉರಿಯುವ ಪಕ್ಷ ಇದಕ್ಕಿಂತ ಗಹನ. ಮೀಮಾಂಸಕರ ಹಳೆಯ ದೃಷ್ಟಾಂತದಲ್ಲಿ ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಆದ್ದರಿಂದ ರಾತ್ರಿ ಉಣ್ಣುತ್ತಿರಬೇಕು. ಇದಕ್ಕೆ ಅರ್ಥಾಪತ್ತಿ ಎಂದು ಹೆಸರು. ಯಜ್ಞದತ್ತ ಈ ಗ್ರಂಥಗಳನ್ನು ಓದಿಲ್ಲ. ಕಾರಿನ ಕೆಳಗೆ ತಲೆ ಹಾಕಿ ನೋಡಿದ, ನೆಲದಲ್ಲಿ ಒಂದು ತೊಟ್ಟೂ ಇಲ್ಲ. ಸೈಲೆನ್ಸರಿನ ಬಾಯಿಗೆ ಬೆರಳಿಟ್ಟು ಮಸಿ ಉಜ್ಜಿದ, ಅಂಟಂಟಾಗಿತ್ತು. “ಗಾಡಿ ಆಯಿಲ್ ತಿಂತೈತಣ್ಣ” ಎಂದು ತೀರ್ಪು ಕೊಟ್ಟ. ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಸವೆದರೆ ಆಯಿಲ್ ಪೆಟ್ರೋಲಿನ ಜತೆ ಒಳಗೇ ಉರಿದುಹೋಗುತ್ತದೆ.

ತಿಂದರೇನು, ಅದು ಸಹಜ ಎನ್ನುತ್ತದೆ ಕಂಪನಿ. 1000 ಕಿಲೋಮೀಟರಿಗೆ ಅರ್ಧ ಲೀಟರ್ ತನಕ ತಿನ್ನಬಹುದು ಎಂದು ಕೆಲವು ಕಂಪನಿಗಳ ಕೈಪಿಡಿಗಳಲ್ಲೇ ಮುದ್ರಿತವಾಗಿದೆ. ಇಲ್ಲಿ ಸ್ವಲ್ಪ ಗಣಿತ ಅನಿವಾರ್ಯ. ಹತ್ತು ಸಾವಿರ ಕಿಲೋಮೀಟರಿಗೊಂದು ಸರ್ವಿಸ್ ಎಂದು ಹಿಡಿದರೆ ಸಹಜ ಆಹಾರ ಐದು ಲೀಟರ್. ಸಣ್ಣ ಪೆಟ್ರೋಲ್ ಇಂಜಿನ್ನಿನ ಚೇಂಬರು ಹಿಡಿಯುವುದೇ ಮೂರೂವರೆ-ನಾಲ್ಕು ಲೀಟರ್. ಅಂದರೆ ಪೂರ್ತಿ ಆರೋಗ್ಯವಂತ ಇಂಜಿನ್ನು ಯಾವ ದೋಷವೂ ಇಲ್ಲದೆ, ಕೈಪಿಡಿಯ ಒಪ್ಪಿಗೆಯ ಮೇರೆಗೆ, ಮುಂದಿನ ಸರ್ವಿಸಿನೊಳಗೆ ಆಯಿಲ್ ಖಾಲಿ ಮಾಡಿಕೊಂಡು ಸಾಯಬಹುದು. ನಡುವೆ ತುಂಬಿಸುವುದು ಮಾಲೀಕನ ಕರ್ತವ್ಯ ಎಂಬ ಸಾಲು ಅದೇ ಪುಸ್ತಕದಲ್ಲಿದೆ, ಪ್ಲಾಸ್ಟಿಕ್ ಹೊದಿಕೆಯೊಳಗೆ.

ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಚರ್ಚೆ ಇಲ್ಲೇ ಹುಟ್ಟುವುದು. ಆಯಿಲ್ ಇಲ್ಲದ್ದರಿಂದ ಇಂಜಿನ್ ಕೆಟ್ಟಿತೋ, ಇಂಜಿನ್ನಿನಲ್ಲೇ ದೋಷವಿದ್ದದ್ದರಿಂದ ಆಯಿಲ್ ಹೋಯಿತೋ? ಬೇರಿಂಗ್ ಹೋದದ್ದೆಲ್ಲ ಮಾಲೀಕನ ಪಾಪವಲ್ಲ ಎಂಬುದಕ್ಕೆ ಹೊರದೇಶದ ದೃಷ್ಟಾಂತವಿದೆ. 2015ರಲ್ಲಿ ಅಮೆರಿಕದಲ್ಲಿ ಹ್ಯುಂಡೈ ಕಂಪನಿ ಸುಮಾರು 4.7 ಲಕ್ಷ ಸೊನಾಟಾ ಕಾರುಗಳನ್ನು ವಾಪಸ್ ಕರೆಯಿತು. ಕಾರ್ಖಾನೆಯಲ್ಲೇ ಉಳಿದ ಲೋಹದ ಚೂರುಗಳು ಬೇರಿಂಗಿಗೆ ಹೋಗುವ ಆಯಿಲ್ ದಾರಿಯನ್ನು ಕಟ್ಟಬಹುದು ಎಂಬುದು ಕಾರಣ. ಚೇಂಬರಿನಲ್ಲಿ ಆಯಿಲ್ ಇದ್ದೂ ಬೇರಿಂಗಿಗೆ ಉಪವಾಸ.

ಮೂರನೆಯದು ಅತ್ಯಂತಾಭಾವ, ಮೂರು ಕಾಲದಲ್ಲೂ ಇಲ್ಲದ್ದು. ಗಾಳಿಯಲ್ಲಿ ಬಣ್ಣವಿಲ್ಲ ಎಂಬುದು ಹಳಬರ ಉದಾಹರಣೆ. ಆಯಿಲ್ ಕಡಿಮೆಯಾಗಿ ಇಂಜಿನ್ ಹೋದಾಗ ವಾರಂಟಿ ಪುಸ್ತಕದಲ್ಲಿ ಕಂಪನಿಯ ಹೊಣೆ ಎಂಬುದು ಹೊಸಬರ ಉದಾಹರಣೆ.

ನಾಲ್ಕನೆಯದು ಅನ್ಯೋನ್ಯಾಭಾವ. ಗಡಿಗೆ ಬಟ್ಟೆಯಲ್ಲ, ಬಟ್ಟೆ ಗಡಿಗೆಯಲ್ಲ. ಡೀಲರು ಕಂಪನಿಯಲ್ಲ, ಕಂಪನಿ ಡೀಲರಲ್ಲ. ಇದು ಬರೀ ತಮಾಷೆಯಲ್ಲ. ಗೋವಾದಲ್ಲಿ ಡೀಲರೊಬ್ಬ 2009ರ ಕಾರನ್ನು 2011ರದ್ದೆಂದು ಮಾರಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ, ಡೀಲರಿನ ಸ್ವಂತ ತಪ್ಪಿಗೆ ಕಂಪನಿಗೆ ಗೊತ್ತಿತ್ತೆಂಬ ಪುರಾವೆಯಿಲ್ಲದೆ ಟಾಟಾ ಮೋಟಾರ್ಸನ್ನು ಹೊಣೆ ಮಾಡಲಾಗದು ಎಂದಿತು. ಸರ್ವಿಸಿನ ತಪ್ಪಿಗೆ ಡೀಲರು, ತಯಾರಿಕೆಯ ದೋಷಕ್ಕೆ ಕಂಪನಿ. ದೂರು ಕೊಡುವಾಗ ಇಬ್ಬರನ್ನೂ ಎದುರುದಾರರನ್ನಾಗಿ ಮಾಡದ ದೇವದತ್ತ ಇಬ್ಬರ ನಡುವಿನ ಸಂದಿಯಲ್ಲಿ ಬೀಳುತ್ತಾನೆ.

ಅಧಿಕಾರ ವಿಚಾರ

ನಿತ್ಯಕರ್ಮ ಮಾಡಿದರೆ ವಿಶೇಷ ಫಲವಿಲ್ಲ, ಬಿಟ್ಟರೆ ಪಾಪ ತಪ್ಪದು ಎಂಬುದು ಮೀಮಾಂಸಕರ ಪ್ರಸಿದ್ಧ ಸಿದ್ಧಾಂತ. ಅವಧಿ ಸರ್ವಿಸಿಗೆ ಇದಕ್ಕಿಂತ ಒಳ್ಳೆಯ ಲಕ್ಷಣವನ್ನು ಯಾರೂ ಹೇಳಿಲ್ಲ. ಇದರಲ್ಲಿ ದ್ರವ್ಯ, ಕಾಲ, ಕರ್ತೃ ಮೂರೂ ವಿಹಿತ. ದ್ರವ್ಯ, ಕಂಪನಿ ಹೇಳಿದ ಗ್ರೇಡಿನ ಆಯಿಲ್. ಕಾಲ, ಇಂತಿಷ್ಟು ಕಿಲೋಮೀಟರ್ ಅಥವಾ ಇಂತಿಷ್ಟು ತಿಂಗಳು. ಕರ್ತೃ, ಕಂಪನಿಯ ಅಧಿಕೃತ ಸರ್ವಿಸ್ ಸೆಂಟರು. ನಾಟಿ ಸಮಯದಲ್ಲಿ ಗದ್ದೆ ಬಿಟ್ಟು ಬರಲಾಗದೆ ಒಂದು ಸರ್ವಿಸ್ ಮೂರು ತಿಂಗಳು ತಡವಾದದ್ದು ದೇವದತ್ತನ ಕಾಲಲೋಪ. ಕುರುಗೋಡಿನ ಬೀಗರ ಮನೆಗೆ ಹೋದಾಗ ಯಜ್ಞದತ್ತನಿಂದ ಒಂದು ಲೀಟರ್ ಟಾಪ್ ಅಪ್ ಮಾಡಿಸಿ, ಬಿಲ್ ಕೇಳದೆ, ಚಾ ಕುಡಿದು ಬಂದದ್ದು ಕರ್ತೃಲೋಪ. ಇಂಜಿನ್ನಿಗೆ ಪ್ರಾಣ ಕೊಟ್ಟ ಆ ಲೀಟರು ಕ್ಲೇಮಿಗೆ ಮಾತ್ರ ಮುಳುವಾಯಿತು. ಅನಧಿಕಾರಿ ಹಾಕಿದ ಆಯಿಲ್ ಲೋಹಕ್ಕೆ ತಲುಪುತ್ತದೆ, ಫೈಲಿಗೆ ತಲುಪುವುದಿಲ್ಲ.

ಪ್ರಮಾಣ ವಿಚಾರ

ಕೆಂಪು ಗಿಂಡಿ ಹೇಳುವುದು ಆಯಿಲಿನ ಒತ್ತಡವನ್ನು, ಮಟ್ಟವನ್ನಲ್ಲ. ಮಟ್ಟ ಇಳಿಯುತ್ತಾ ಬಂದರೂ ಪಂಪಿಗೆ ಸಿಗುವತನಕ ಗಿಂಡಿ ಮೌನವಾಗಿರುತ್ತದೆ. ಹೊತ್ತಿಕೊಂಡಾಗ ಬೇರಿಂಗಿನ ಪದರ ಹರಿಯುತ್ತಿರುತ್ತದೆ. ಆ ಕ್ಷಣ ಗಾಡಿ ಬದಿಗೆ ಹಾಕಿ ಇಂಜಿನ್ ಆರಿಸುವುದೊಂದೇ ಶಾಸ್ತ್ರಸಮ್ಮತ ಕ್ರಿಯೆ. ‘ಬಳ್ಳಾರಿಗೆ ಹೋಗಿ ತೋರಿಸಿದ್ರಾತು’ ಎಂಬುದಕ್ಕೆ ಯಾವ ದರ್ಶನದಲ್ಲೂ ಆಧಾರವಿಲ್ಲ.

ಇಲ್ಲದ್ದನ್ನು ತಿಳಿಯಲು ಭಾಟ್ಟ ಮೀಮಾಂಸಕರು ಅನುಪಲಬ್ಧಿ ಎಂಬ ಬೇರೆಯ ಪ್ರಮಾಣವನ್ನೇ ಒಪ್ಪಿದರು: ನೆಲದ ಮೇಲೆ ಗಡಿಗೆ ಕಾಣದು, ಆದ್ದರಿಂದ ಇಲ್ಲ. ಕಾರಿನಲ್ಲಿ ಇದರ ಸಾಧನ ಡಿಪ್‌ಸ್ಟಿಕ್. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಕೆಲವು ನಿಮಿಷ ಬಿಟ್ಟು ಕಡ್ಡಿ ಎಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಪೂರ್ತಿ ಇಳಿಸಿ ತೆಗೆಯಬೇಕು. ಎರಡು ಗುರುತುಗಳ ನಡುವೆ ಒದ್ದೆ ಇದ್ದರೆ ಆಯಿಲ್ ಇದೆ. ಈ ವಿಧಿಗೆ ಪುರೋಹಿತ ಬೇಡ, ಮುಹೂರ್ತ ಬೇಡ. ಆದ್ದರಿಂದಲೇ ಇರಬೇಕು, ಯಾರೂ ಮಾಡುವುದಿಲ್ಲ.

ನಿರ್ಣಯ

ಬಳ್ಳಾರಿಯಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಮುಖ್ಯ ಕಚೇರಿ ಯಾವ ಊರಲ್ಲಾದರೂ ಇರಲಿ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗಕ್ಕೇ ಅಧಿಕಾರ. ಐದು ಲಕ್ಷದವರೆಗೆ ಶುಲ್ಕವಿಲ್ಲ, ಹತ್ತು ಲಕ್ಷದವರೆಗೆ 200 ರೂಪಾಯಿ. ವಕೀಲರಿಲ್ಲದೆಯೂ ವಾದಿಸಬಹುದು. ದೂರಿಗೆ ಗಡುವು ಎರಡು ವರ್ಷ. ನೋಟಿಸು ಮುಟ್ಟಿದ ಎದುರುದಾರರ ಉತ್ತರಕ್ಕೆ 30 ದಿನ, ಬೇಡಿಕೊಂಡರೆ ಇನ್ನು 15, ಅದರಾಚೆ ಇಲ್ಲ.

ಹಾಗೆಂದು ಹೊಸ ಕಾರಿನ ಕನಸು ಕಾಣಬೇಕಾಗಿಲ್ಲ. ಮಾರುತಿ ಉದ್ಯೋಗ್‌ಗೆ ಸಂಬಂಧಿಸಿದ 2006ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ವಾರಂಟಿ ಹೇಳುವುದು ಕೆಟ್ಟ ಭಾಗವನ್ನು ಸರಿಮಾಡುವುದು ಅಥವಾ ಬದಲಿಸುವುದು, ಇಡೀ ಗಾಡಿಯನ್ನಲ್ಲ ಎಂದಿದೆ. ತಯಾರಿಕೆಯ ದೋಷ ಎಂದವನೇ ಅದನ್ನು ಸಾಧಿಸಬೇಕು. ನೋಡಿದರೆ ತಿಳಿಯದ ದೋಷವನ್ನು ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸುವ ಅಧಿಕಾರ ಆಯೋಗಕ್ಕಿದೆ. ಇಂಜಿನ್ನನ್ನು ಅಷ್ಟರಲ್ಲೇ ಬಿಚ್ಚಿ, ತೊಳೆದು, ಬೇರಿಂಗುಗಳನ್ನು ಗುಜರಿಗೆ ಹಾಕಿದ್ದರೆ ಪರೀಕ್ಷೆಗೆ ಉಳಿಯುವುದು ದೇವದತ್ತನ ಮುಖ ಮಾತ್ರ.

ಹೀಗೆ ನಾಲ್ಕು ಅಭಾವಗಳನ್ನು ಕಡೆದಾಗ ಬರುವ ನಿರ್ಣಯ ಒಂದೇ. ಚೇಂಬರಿನಲ್ಲಿ ಆಯಿಲ್ ಇಲ್ಲವೆಂಬುದರಲ್ಲಿ ಯಾರಿಗೂ ತಕರಾರಿಲ್ಲ. ಅದು ಯಾರಿಂದ ಇಲ್ಲವಾಯಿತು ಎಂಬುದಷ್ಟೇ ವಿವಾದ, ಮತ್ತು ಆ ವಿವಾದವನ್ನು ಗೆಲ್ಲುವುದು ಕಾಗದ. ಯಾರ ಬಳಿ ಬರಹ ಇದೆಯೋ ಅವರ ‘ಇಲ್ಲ’ ಗಟ್ಟಿ.

ಫಲಶ್ರುತಿ

ಇದನ್ನು ಶ್ರದ್ಧೆಯಿಂದ ಓದಿದವರಿಗೆ ಪುಣ್ಯ ಬರುತ್ತದೆಂದು ಪ್ರಬಂಧಕಾರ ಹೇಳುವುದಿಲ್ಲ. ಬಂದರೂ ಅದು ವಾರಂಟಿಯಲ್ಲಿ ಸೇರಿಲ್ಲ. ಸಿರುಗುಪ್ಪ, ಕುರುಗೋಡು, ಬಳ್ಳಾರಿಯ ಸಮಸ್ತ ಕಾರು ಮಾಲೀಕರಲ್ಲಿ ವಿನಂತಿ ಇಷ್ಟು. ತಿಂಗಳಿಗೆ ಎರಡು ಸಲ ಕಡ್ಡಿ ಎಳೆದು ನೋಡಿ, ಮಟ್ಟದ ಫೋಟೋ ಮೊಬೈಲಿನಲ್ಲಿಡಿ. ಸರ್ವಿಸ್ ಬಿಲ್ಲಿನಲ್ಲಿ ಎಷ್ಟು ಲೀಟರ್, ಯಾವ ಗ್ರೇಡ್ ಎಂದು ಬರೆಸಿಕೊಳ್ಳಿ. ಹೊರಗೆ ಅರ್ಧ ಲೀಟರ್ ಹಾಕಿಸಿದರೂ ರಸೀದಿ ಕೇಳಿ. ಆಯಿಲ್ ಇಳಿಯುತ್ತಿದ್ದರೆ ಕೂಡಲೇ ಲಿಖಿತ ದೂರು ಕೊಟ್ಟು ಪ್ರತಿಗೆ ಸೀಲು ಹಾಕಿಸಿ. ಇಂಜಿನ್ ಬಿಚ್ಚುವುದಾದರೆ ನಿಮ್ಮೆದುರೇ ಬಿಚ್ಚಲಿ. ಇಷ್ಟಾಗಿಯೂ ‘ವಾರಂಟಿಗೆ ಬರಲ್ಲ’ ಎಂದರೆ ಅದನ್ನೂ ಬರೆದುಕೊಡಿ ಎನ್ನಿ, 1915ಕ್ಕೆ ಫೋನು ಮಾಡಿ. ಗ್ರಾಹಕ ಸಹಾಯವಾಣಿಯ ಆ ಕರೆಗೆ ದುಡ್ಡಿಲ್ಲ.